ಬಡಿಯುವ ನರ

ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲವಾಯಿತೆಂದು ಕಮಲಾಕ್ಷಮ್ಮ ಎದ್ದು, ಗಂಡನ ಕಿವಿಯ ಕೆಳಗೆ ಕೈಯಿಟ್ಟು ಗಂಟು ಬಿಗಿಯುತ್ತಿದ್ದಳು. ಅವಳ ಹೆಬ್ಬೆರಳು ಅವನ ಕೊರಳ ಪಕ್ಕದಲ್ಲಿ ನಿಂತುಬಿಟ್ಟಿತು.

“ತಡೀರಿ,” ಎಂದಳು. ಭಜನೆಯವರು ತಾಳ ನಿಲ್ಲಿಸಿದರು. “ಬಡೀತೈತೆ.”

“ಏನು ಬಡೀತೈತೆ ಅತ್ತಿಗೆ?” ಎಂದಳು ನಾದಿನಿ ಸರೋಜಮ್ಮ.

“ಕೊರಳ ನರ.”

ಶಂಕರಲಿಂಗಪ್ಪ ಬೆಳಗಿನ ಜಾವ ಸತ್ತಿದ್ದ. ಮಧುಗಿರಿ ಬೆಟ್ಟದ ಹಿಂದಿನ ಆ ಊರಿನಲ್ಲಿ ಅವನು ಮೂಳೆ ಕಟ್ಟುವವನು. ಮುರಿದ ಕೈಕಾಲು ಹೊತ್ತುಕೊಂಡು ಸಿರಾ, ಕೊರಟಗೆರೆಯಿಂದಲೂ ಗಾಡಿಗಳು ಅವನ ಜಗಲಿಗೆ ಬರುತ್ತಿದ್ದವು. ಈಗ ಅದೇ ಜಗಲಿಯಲ್ಲಿ, ಪದ್ಧತಿಯಂತೆ, ಮೈ ಸೆಟೆಯುವ ಮೊದಲೇ ಅವನನ್ನು ಮಣೆಯ ಮೇಲೆ ಕೂರಿಸಿ, ಗೋಡೆಗೆ ಆನಿಸಿ ಕಟ್ಟಿ, ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಿದ್ದರು. ಮಲಗಿದ ಹೆಣ ಹೆಣದ ಹಾಗಿರುತ್ತದೆ. ಕೂತ ಹೆಣವನ್ನು ನೋಡಿದರೆ ಎಂಥವನಿಗೂ ಸ್ವಲ್ಪ ಅನುಮಾನ ಬರುತ್ತದೆ.

“ಕೈ ಕೊರಡಾಗೈತೆ, ನೋಡಿ ಅತ್ತಿಗೆ,” ಎಂದು ಸರೋಜಮ್ಮ ಅಣ್ಣನ ಬೆರಳು ಮುಟ್ಟಿ ತೋರಿಸಿದಳು. “ಸುಮ್ನೆ ಏನೇನೋ ಅನ್ಬೇಡಿ, ಪುಣ್ಯಾತ್ಗಿತ್ತಿ.”

“ನಂದೂ ಕೊರಡಾಗಿತ್ತಂತೆ!” ಅಂಗಳದಿಂದ ಒಬ್ಬ ಕೂಗಿದ. ಬರಗೂರಿನ ಅಂಜನಪ್ಪ. ಶಂಕರಲಿಂಗಪ್ಪನಿಗೆ ಕಾಯಿಲೆ ಜೋರೆಂದು ಕೇಳಿ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಹೊರಟವನು ಆಗತಾನೇ ಬಂದಿದ್ದ. ಅವನು ಜನರನ್ನು ತಳ್ಳಿಕೊಂಡು ಜಗಲಿ ಹತ್ತಿ, ಎಣ್ಣೆ ಸೀಸೆಗೆ ಬಿರಡೆ ಒತ್ತುವವನಂತೆ ಹೆಬ್ಬೆರಳನ್ನು ಕೊರಳಿಗೆ ಒತ್ತಿದ. ಉಸಿರು ಬಿಗಿಹಿಡಿದ.

“ದಿಟ ಕಣ್ರಪ್ಪೋ! ಅಕ್ಕ ಹೇಳಿದ್ದು ದಿಟ! ಸ್ವಾಮಿ ಬದುಕವ್ರೆ!”

ಅಳುತ್ತಿದ್ದ ಹೆಂಗಸರು ಬಾಯಿ ಮುಚ್ಚಿಕೊಂಡರು. ಕೊರಟಗೆರೆಯಲ್ಲಿ ಮೇಷ್ಟರಾಗಿದ್ದ ಮಗ ವೃಷಭೇಂದ್ರಪ್ಪ ಕಂಬ ಹಿಡಿದುಕೊಂಡ. ಬೆಳಿಗ್ಗೆಯಿಂದ ಅವನಿಗಿದ್ದದ್ದು ದುಃಖ. ಈಗ ಹತ್ತಿದ್ದು ಭಯ.

*

ಬೇರೆ ಯಾರು ಹೀಗೆ ಕೂಗಿದ್ದರೂ ಜನ ಗದರಿಸಿ ಕೂರಿಸುತ್ತಿದ್ದರು. ಅಂಜನಪ್ಪನನ್ನು ಗದರಿಸುವಂತಿರಲಿಲ್ಲ. ಅವನು ಹರೆಯದಲ್ಲಿ ಹುಣಸೆ ಮರದಿಂದ ಬಿದ್ದಾಗ, ಉಸಿರಿಲ್ಲವೆಂದು ಮನೆಯವರು ಗುಂಡಿ ತೋಡಿಸಿದ್ದರು. ಅದೇ ಊರಿನಲ್ಲಿ ಯಾರದೋ ಕಾಲು ಕಟ್ಟಲು ಹೋಗಿದ್ದ ಶಂಕರಲಿಂಗಪ್ಪ, ಹೆಣ ನೋಡಿ ಕೈ ಮುಗಿದು ಬರೋಣವೆಂದು ಹೋದವನು, ಕೊರಳಿಗೆ ಬೆರಳಿಟ್ಟು ಕೂತುಬಿಟ್ಟ.

“ಈ ನರ ಬಡೀತೈತೆ. ಚಟ್ಟ ಬಿಚ್ಚಿ,” ಎಂದ.

ತೋಡಿದ ಗುಂಡಿಯನ್ನು ಬರಿದೇ ಮುಚ್ಚಬಾರದು. ಮುಚ್ಚಿದರೆ ಅದು ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತದೆಂದು ನಂಬಿಕೆ. ಅದಕ್ಕೆ ಅಂಜನಪ್ಪನ ಮನೆಯವರು ಒಂದು ಹುಂಜವನ್ನು ಹೂತರು. ಅಂದಿನಿಂದ ಅಂಜನಪ್ಪ ಕೋಳಿ ಬಾಡು ಮುಟ್ಟಿದವನಲ್ಲ. “ನನ್ನ ಪಾಲಿನ ಸಾವು ಅದು ಸತ್ತೈತೆ, ಅದನ್ನ ಹೆಂಗೆ ತಿನ್ಲಿ?” ಎನ್ನುತ್ತಿದ್ದ. ಜನ ನಗುತ್ತಿದ್ದರು, ಅವನೂ ನಗುತ್ತಿದ್ದ.

*

ಇವತ್ತು ಯಾರೂ ನಗಲಿಲ್ಲ. ಹೊತ್ತು ಏರಿತು, ನೆತ್ತಿಗೆ ಬಂತು, ವಾಲಿತು. ಊರಾಚೆಯ ರುದ್ರಭೂಮಿಯಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು.

“ಡಾಕ್ಟ್ರನ್ನ ಕರೆಸೋಣ,” ಎಂದ ಮಗ.

“ಮಧುಗಿರಿ ಡಾಕ್ಟ್ರು ಕಾಲರಾ ಅಂತ ಪಾವಗಡದ ಕಡೆ ಹೋಗವ್ರಂತೆ. ಬರೋದು ಯಾವಾಗ್ಲೋ,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ವೀರಭದ್ರಯ್ಯನವರು. ಅವರು ಊರಿಗೆಲ್ಲ ಗುರುಗಳು, ಮೆತ್ತಗಿನ ಮನುಷ್ಯ. “ನೋಡಪ್ಪ, ಹೊತ್ತು ಮುಳುಗಿದ ಮೇಲೆ ದೀಪ ಹಚ್ಚಾಣ ಅಂದ್ರೆ ಈ ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಎಲ್ಲೈತೆ? ಗುಂಡಿ ರಾತ್ರಿಯೆಲ್ಲಾ ತೆರೆದು ಕೂತಿರಬಾರ್ದು. ನಾವೇನು ಕೋಳಿ ಹೂಳೋ ಜನವಾ?”

“ಹಂಗಂತ ಜೀವ ಇರೋರ ಮ್ಯಾಲೆ ಮಣ್ಣು ಎಳೀತೀರಾ ಅಯ್ನೋರೆ?” ಎಂದ ಅಂಜನಪ್ಪ. ಕತ್ತಲಲ್ಲಿ ಎಚ್ಚರವಾಗಿ ಮೇಲೆಲ್ಲ ಮಣ್ಣಿದ್ದಂತೆ ಎಷ್ಟೋ ಸಲ ಬೆಚ್ಚಿಬಿದ್ದವನು ಅವನು.

ಅಯ್ಯನವರೂ ಒಮ್ಮೆ ಕೊರಳು ಮುಟ್ಟಿ ನೋಡಿದರು. ಬಿಸಿಲಿಗೆ ಚರ್ಮ ಬೆಚ್ಚಗಿತ್ತು. ಏನೂ ತಿಳಿಯದೆ ಕೈ ತೊಳೆದುಕೊಂಡರು.

ಕಮಲಾಕ್ಷಮ್ಮ ಗಂಡನ ಮಗ್ಗುಲಲ್ಲೇ ಕೂತಿದ್ದಳು. ಮತ್ತೊಮ್ಮೆ ಮುಟ್ಟಿದಳು. ಬಡಿಯುತ್ತಿತ್ತು. ಬೆಳಿಗ್ಗೆಗಿಂತ ಜೋರಾಗಿಯೇ. ಏಳಲು ಹೋಗಿ ತಲೆ ತಿರುಗಿ, ಅವನು ಕೂತಿದ್ದ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು.

ಮಣೆಯೂ ಬಡಿಯುತ್ತಿತ್ತು.

ಅವಳು ಕೈ ತೆಗೆದು ಗೋಡೆಗೆ ಹೆಬ್ಬೆರಳು ಒತ್ತಿದಳು. ಮಣ್ಣಿನ ಗೋಡೆಯಲ್ಲೂ ಅದೇ ಬಡಿತ.

*

ಮದುವೆಯಾದ ಹೊಸದರಲ್ಲಿ ಶಂಕರಲಿಂಗಪ್ಪ ಅವಳ ತೋಳಿನ ಮೇಲೆ ಗೆರೆ ಎಳೆಯುತ್ತಿದ್ದ. ಕೆಮ್ಮಣ್ಣಿನದು ಬಡಿಯುವ ನರ. ಇದ್ದಿಲಿನದು ನೀಲಿ ನರ. ಸುಣ್ಣದ್ದು ಜುಮ್ಮೆನ್ನುವ ನರ, ಮೊಣಕೈ ಗೋಡೆಗೆ ತಾಗಿದರೆ ಕಿರುಬೆರಳ ತನಕ ಮಿಂಚು ಹೊಡೆಯುತ್ತದಲ್ಲ, ಅದು. ಬಿದಿರ ದಬ್ಬೆ ಇಟ್ಟು ಕಟ್ಟುವಾಗ ಈ ಗೆರೆಗಳ ಮೇಲೆ ಹಗ್ಗದ ಗಂಟು ಬರಬಾರದು. ಕಲಿಯುವ ಕಾಲದಲ್ಲಿ ಅವನು ಕಟ್ಟಿದ ಒಂದು ಕೈ ಕಪ್ಪಾಗಿ ಸತ್ತುಹೋಗಿತ್ತು. ಆಮೇಲೆ ಅವನು ಗೆರೆ ಎಳೆಯದೆ ಯಾರಿಗೂ ಕಟ್ಟಿದವನಲ್ಲ. ಹೆಂಗಸರ ಮೈ ಮುಟ್ಟಿ ಗೆರೆ ಎಳೆಯಲು ಹೆಂಡತಿಯೇ ಬೇಕಲ್ಲ, ಅದಕ್ಕೆ ಅವಳಿಗೂ ಕಲಿಸಿದ.

“ಸೊಸೆ ಮೈಮ್ಯಾಲೆ ರಂಗೋಲಿ ಬುಡ್ತಾನೆ, ನಾಚ್ಕೆಗೆಟ್ಟವನು,” ಎಂದು ಅತ್ತೆ ಗೊಣಗುತ್ತಿದ್ದಳು.

ಅವಳ ಸರದಿ ಬಂದಾಗ ಅವನು ತನ್ನ ಮೈಯನ್ನೇ ಕೊಡುತ್ತಿದ್ದ. ಕೊರಳು, ಕಂಕುಳು, ಮೊಣಕೈಯ ಒಳಮಡಿಕೆ, ಮಂಡಿಯ ಹಿಂದೆ, ಪಾದದ ಮೇಲೆ. ಒಂದು ದಿನ ಅವಳ ಕೈ ಹಿಡಿದು ನಿಲ್ಲಿಸಿದ.

“ಹೆಬ್ಬೆಟ್ಟು ಬ್ಯಾಡ ಕಣೇ. ಅದರೊಳಗೇ ಒಂದು ನರ ಬಡೀತಾ ಇರ್ತೈತೆ. ಹೆಬ್ಬೆಟ್ಟಲ್ಲಿ ನೋಡಿದ್ರೆ ಕಲ್ಲೂ ಬದುಕೈತೆ ಅಂತೀಯ.”

ಅವಳು ಅಂದು ಎಷ್ಟು ನಕ್ಕಿದ್ದಳೆಂದರೆ ಕೆಮ್ಮಣ್ಣಿನ ಬಟ್ಟಲು ಉರುಳಿಹೋಗಿತ್ತು.

*

ಹಾಗಾದರೆ ಬೆಳಿಗ್ಗೆಯಿಂದ ಬಡಿದದ್ದು ತನ್ನದೇ. ಅಂಜನಪ್ಪನ ಬೆರಳಿಗೆ ಸಿಕ್ಕಿದ್ದು ಅಂಜನಪ್ಪನದೇ. ಕಮಲಾಕ್ಷಮ್ಮನಿಗೆ ಎಲ್ಲ ತಿಳಿಯಿತು, ಆದರೆ ಬಾಯಿ ಏಳಲಿಲ್ಲ. ತಾನು ಹೇಳುವ ತನಕ ಈ ಅಂಗಳದ ಲೆಕ್ಕದಲ್ಲಿ ಅವನು ಬದುಕಿಯೇ ಇದ್ದ. ಇನ್ನೊಂದು ಗಳಿಗೆ ಇರಲಿ ಎಂದುಕೊಂಡಳು. ಆ ಗಳಿಗೆ ಕಳೆಯಿತು, ಮತ್ತೊಂದು ಬೇಕೆನಿಸಿತು. ಇದು ಮೋಸವೆಂದು ಅವಳಿಗೆ ಗೊತ್ತಿತ್ತು. ಆಸೆ ಬಿಡಲಿಲ್ಲ.

ಮಗ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. “ಅವ್ವ, ನಾನೇನು ಮಾಡ್ಲಿ? ಮಣ್ಣು ಮಾಡಿದ್ರೆ ಅಪ್ಪನ್ನ ಕೊಂದಂಗೆ. ಮಾಡ್ದಿದ್ರೆ ಗುಂಡಿ ನನ್ನ ಮಕ್ಕಳನ್ನ ಕೇಳ್ತದೆ ಅಂತಾಳೆ ಸರೋಜತ್ತೆ. ಇಂಥದ್ದೆಲ್ಲ ನಂಬಬಾರ್ದು ಅಂತ ಮಕ್ಕಳಿಗೆ ಪಾಠ ಹೇಳೋನು ಕಣವ್ವ ನಾನು. ಆದ್ರೂ ಕೈಕಾಲು ಆಡ್ತಿಲ್ಲ.”

ಅವಳು ಅವನ ಮುಖ ನೋಡಿದಳು. ಬೆಳಗಿನಿಂದ ನೀರು ಕಂಡಿರದ ತುಟಿ ಬಿರಿದಿತ್ತು.

“ಹೊರಡ್ಸು,” ಎಂದಳು.

ಹೊರಟರು. ಆದರೆ ಗುಂಡಿಯ ಬಳಿ ಅಂಜನಪ್ಪ ಯಾರಿಗಿಂತ ಮೊದಲೇ ಕೆಳಗಿಳಿದು, ಶವ ಕೂರಿಸುವ ಗೂಡಿಗೆ ಅಡ್ಡಲಾಗಿ ನಿಂತ.

“ಅಕ್ಕ ‘ಹೊರಡ್ಸು’ ಅಂದ್ಳೇ ಹೊರತು ‘ಇಲ್ಲ’ ಅನ್ನಲಿಲ್ಲ. ಬಡೀತೈತೆ ಅಂದೋಳು ಅವಳೇ. ಇಲ್ಲ ಅಂತ ಅವಳೇ ಹೇಳ್ಲಿ. ಅಲ್ಲೀಗಂಟ ನಾನು ಇಲ್ಲಿಂದ ಅಲ್ಲಾಡಾಕಿಲ್ಲ.”

ಹೆಂಗಸರು ಗುಂಡಿಗಿಳಿಯುವ ಪದ್ಧತಿಯಿಲ್ಲ. ವೀರಭದ್ರಯ್ಯನವರು ಬೆಟ್ಟದ ಹೆಗಲಿಗೆ ಇಳಿದಿದ್ದ ಸೂರ್ಯನನ್ನು ನೋಡಿದರು. “ಇಳೀ ತಾಯಿ,” ಎಂದರು.

ಅವಳೇ ನೋಡುತ್ತಾಳೆಂದ ಮೇಲೆ ಅಂಜನಪ್ಪ ಪಕ್ಕಕ್ಕೆ ಸರಿದ; ಗಂಡನನ್ನು ಗೂಡಿನಲ್ಲಿ ಕೂರಿಸಿದರು. ಕಮಲಾಕ್ಷಮ್ಮ ಸೆರಗು ಸಿಕ್ಕಿಸಿ ಕೆಳಗಿಳಿದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ಬೆರಳ ತುದಿಗಳನ್ನು ಅವನ ಕೊರಳಿಗೆ ಇಟ್ಟಳು. ಕಾದಳು. ಮಣಿಕಟ್ಟಿಗೆ ಬಂದಳು. ಮೊಣಕೈಯ ಒಳಮಡಿಕೆಗೆ. ಮಡಿಸಿದ ಮಂಡಿಯ ಹಿಂದೆ. ಪಾದದ ಮೇಲೆ. ಅವನು ಕಲಿಸಿದ್ದ ದಾರಿಯಲ್ಲೇ ಒಂದೊಂದು ಕಡೆಯೂ ನಿಂತು ಕೇಳಿದಳು.

“ಇಲ್ಲ,” ಎಂದಳು. “ಬೆಳಿಗ್ಗೆ ಬಡಿದದ್ದು ನಂದು.”

ಅಂಜನಪ್ಪ ಗುಂಡಿಯ ಮಣ್ಣಿಗೆ ಹಣೆ ಒತ್ತಿ ಮಗುವಿನಂತೆ ಅತ್ತ. ಅಳುತ್ತಲೇ ಬಗ್ಗಿ, ಅವಳು ಹತ್ತಲೆಂದು ಬೆನ್ನು ಕೊಟ್ಟ.

ವೃಷಭೇಂದ್ರಪ್ಪ ಮೇಲಿನಿಂದ ಬಲಗೈ ನೀಡಿದ. ಅವಳು ಅವನ ಮಣಿಕಟ್ಟು ಹಿಡಿದು ಮೇಲೆ ಬಂದಳು. ಬಂದ ಮೇಲೂ ಬಿಡದೆ ಹಿಡಿದಿದ್ದ ಅವಳ ಬೆರಳುಗಳ ಕೆಳಗೆ ನರವೊಂದು ಹೆದರಿದ ಕರುವಿನಂತೆ ಓಡುತ್ತಿತ್ತು. “ಬುಡವ್ವ, ನಾನೇ ಮೊದಲ ಹಿಡಿ ಮಣ್ಣು ಹಾಕ್ಬೇಕು,” ಎಂದ ಮಗ.

“ಇನ್ನೊಂದು ಕೈಯಲ್ಲಿ ಹಾಕು,” ಎಂದಳು ಕಮಲಾಕ್ಷಮ್ಮ. ಅವನು ಎಡಗೈಯಲ್ಲಿ ಮಣ್ಣು ಹಾಕಿದ.