ಫ್ಲಾರೆನ್ಸಿನ ಓಣಿಯಲ್ಲೊಂದು ಹೋಲ್ಡಾನ್

ನಾನು ಒಂದು ರಿಸೀವರ್. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕರಿಯ ಡಬ್ಬಿ. ಕೊರಳಿಗೆ ಹಾಕಿಕೊಳ್ಳಲು ಒಂದು ನೀಲಿ ದಾರ, ಕಿವಿಗೆ ಸಿಕ್ಕಿಸಿಕೊಳ್ಳಲು ಒಂದು ತಂತಿ. ಪ್ರವಾಸಿಗಳ ಮುಂದೆ ನಡೆಯುವ ಗೈಡ್ ಮೈಕಿನಲ್ಲಿ ಮೆಲ್ಲಗೆ ಆಡಿದ್ದನ್ನು ಹಿಂದೆ ಬರುವವರ ಕಿವಿಗೆ ಮುಟ್ಟಿಸುವುದು ನನ್ನ ಕೆಲಸ.

ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನದೋ ಗೊತ್ತಿಲ್ಲ. ನಾನು ಮೊದಲು ಕಂಡದ್ದು ನನ್ನ ಬೆನ್ನಿಗೆ ಮುಚ್ಚಳ ಕೂಡಿಸುತ್ತಿದ್ದ ಹುಡುಗಿಯ ಗದ್ದ. ಅವಳು ತಂತಿಯನ್ನು ಕಿವಿಗಿಟ್ಟುಕೊಂಡು ದೂರದ ಮೇಜಿನ ಕಡೆ ನೋಡಿದಳು. ಅಲ್ಲಿದ್ದವಳು ಮೈಕಿನಲ್ಲಿ, "ಕೇಳಿಸುತ್ತಿದೆಯೇ?" ಎಂದಳು. ಇವಳು ಕೈ ಎತ್ತಿದಳು. ನನ್ನ ಪರೀಕ್ಷೆ ಅಷ್ಟಕ್ಕೇ ಮುಗಿಯಿತು. ಕೈ ಏಕೆ ಎತ್ತಬೇಕಾಯಿತು ಎಂಬುದು ನನಗೆ ಆಮೇಲೆ ತಿಳಿಯಿತು. ಬಂದ ಮಾತನ್ನು ನಾನು ಕಿವಿಗೆ ಕೊಡಬಲ್ಲೆ, ಅಷ್ಟೇ. ಹಿಂದಕ್ಕೆ ಒಂದು ಉಸಿರನ್ನೂ ಕಳಿಸಲಾರೆ.

ಇಟಲಿಯ ಫ್ಲಾರೆನ್ಸ್ ನಗರದ ಒಂದು ಪ್ರವಾಸ ಕಚೇರಿಗೆ ನನ್ನನ್ನು ಮಾರಿದರು. ಅಲ್ಲಿಂದ ಮುಂದೆ ದಿನಕ್ಕೊಂದು ಕೊರಳು. ಮನುಷ್ಯರನ್ನು ನಾನು ಎಂದೂ ಎದುರಿನಿಂದ ನೋಡಿದವನಲ್ಲ. ಎದೆಯ ಮೇಲೆ ತೂಗುತ್ತ ಕೆಳಗಿನಿಂದ ಗದ್ದಗಳನ್ನು ನೋಡಿದವನು. ಒಬ್ಬ ಹುಡುಗ ನನ್ನನ್ನು ಐಸ್‌ಕ್ರೀಮಿನಲ್ಲಿ ಅದ್ದಿದ. ಹೊಸದಾಗಿ ಮದುವೆಯಾದ ಇಬ್ಬರು ದಿನವಿಡೀ ಜಗಳವಾಡಿದರು. ಗೈಡ್ ಹೇಳಿದ ಚರಿತ್ರೆಯನ್ನು ಅವರು ಕೇಳಲೇ ಇಲ್ಲ. ಆದರೆ ಆ ಊರಿನ ದೊಡ್ಡ ಚರ್ಚಿನ ಕೆಂಪು ಗುಮ್ಮಟ ಕಂಡೊಡನೆ ಎಲ್ಲ ಗದ್ದಗಳೂ ಮೇಲೇಳುತ್ತಿದ್ದವು. ಆ ಗಳಿಗೆಯಲ್ಲಿ ಯಾರೂ ಪಕ್ಕದವರನ್ನು ನೋಡುವುದಿಲ್ಲ. ಅದು ನನಗೆ ಮೊದಲಿನಿಂದಲೂ ಒಂದು ಭಯ.

ಬೇಸಿಗೆಯಲ್ಲಿ ಕನ್ನಡದ ಗುಂಪುಗಳೂ ಬರುತ್ತಿದ್ದವು. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರ ಟೂರ್ ಮ್ಯಾನೇಜರ್ ಅದೇ ಮೈಕಿನಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಹಾಗೆ ನನಗೆ ಕನ್ನಡ ಬಂತು.

ಒಂದು ಬೆಳಿಗ್ಗೆ ಗದಗಿನಿಂದ ಬಂದ ಗುಂಪಿಗೆ ನಮ್ಮನ್ನು ಹಂಚಿದರು. ನಾನು ಫಕ್ಕೀರಪ್ಪನವರ ಪಾಲಿಗೆ ಬಂದೆ. ಎತ್ತರದ ಆಳು, ಬಿಳಿ ಮೀಸೆ, ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನನ್ನನ್ನು ಅವರ ಕೊರಳಿಗೆ ಹಾಕಿದ್ದು ಹೆಂಡತಿ ನೀಲಾಂಬಿಕಾ. ಅವರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವರು, ಗುಂಪಿನವರಿಗೆಲ್ಲ "ಅಕ್ಕೋರು." ದಾರವನ್ನು ಗಂಡನ ಅಂಗಿಯ ಗುಂಡಿಗೆ ಒಂದು ಸುತ್ತು ಸುತ್ತಿ, "ಇದನ್ನ ತಗೀಬ್ಯಾಡ್ರಿ. ನಾ ಹೇಳೂತನಾ ತಗೀಬ್ಯಾಡ್ರಿ," ಎಂದರು. ಅವರ ಬೆರಳುಗಳು ತಣ್ಣಗಿದ್ದವು. ಗಂಡನ ಫೋನು ಅವರ ಕೈಚೀಲದಲ್ಲೇ ಇತ್ತು. ಹಿಂದಿನ ದಿನ ಫಕ್ಕೀರಪ್ಪನವರು ಅದನ್ನು ಹೋಟೆಲಿನ ಸಕ್ಕರೆ ಬಟ್ಟಲಿನಲ್ಲಿಟ್ಟು ಬಂದಿದ್ದರಂತೆ.

ಹೆಂಡತಿ ಗಂಡನ ಕೈ ಬಿಡಲೇ ಇಲ್ಲ. ಅದನ್ನು ಕಂಡು ಬಟ್ಟೆ ಅಂಗಡಿಯ ವಿರೂಪಾಕ್ಷ ಸಾವ್ಕಾರರು ಸುಮ್ಮನಿರಬೇಕಲ್ಲ!

"ಅಕ್ಕೋರ, ಕೈ ಬಿಡ್ರಿ. ಡ್ರೈವರ್ ಸಾಹೇಬ್ರು ಎಲ್ಲೂ ಓಡಿ ಹೋಗಂಗಿಲ್ಲ. ಹನಿಮೂನಿಗೆ ಬಂದೀರೇನು?"

"ಹೂಂನ್ರಿ. ಆವಾಗ ಹೋಗಿದ್ದಿಲ್ಲ."

ಸಾವ್ಕಾರರ ಹೆಂಡತಿ ನಕ್ಕು, ಮದುವೆ ಹೇಗಾಯಿತೆಂದು ಕೇಳಿದರು. ನೀಲಾಂಬಿಕಾ ಹೇಳಿದರು: ದಿನಾ ಇವರದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರಂತೆ. ಶಾಲೆಯ ಮುಂದೆ ಸ್ಟಾಪ್ ಇರಲಿಲ್ಲ. ಆದರೂ ಇವರು ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ಒಂದು ವರ್ಷ ಹಾಗೇ ನಡೆದ ಮೇಲೆ ಇವರ ಮನೆಯವರು ಬಂದು ಹೆಣ್ಣು ಕೇಳಿದರು. ಈ ಕಥೆ ನಡೆದಷ್ಟು ಹೊತ್ತೂ ಫಕ್ಕೀರಪ್ಪನವರು, ಅದು ಬೇರೆ ಯಾರದೋ ಮದುವೆಯ ಸುದ್ದಿ ಎಂಬಂತೆ, ಮರ್ಯಾದೆಯಿಂದ ತಲೆದೂಗಿದರು. ನಾನು ಕಂಡೆ. ಬೇರೆ ಯಾರೂ ಕಾಣಲಿಲ್ಲ.

ಸಾವ್ಕಾರರಿಗೆ ಒಂದು ಆಟ ಸಿಕ್ಕಿತ್ತು. ಗುಂಪು ಹೊರಡುವಾಗಲೆಲ್ಲ ಅವರು ಕಂಡಕ್ಟರನ ಹಾಗೆ, "ರೈಟ್, ರೈಟ್!" ಎನ್ನುವರು. ಫಕ್ಕೀರಪ್ಪನವರ ಕಾಲು ಎಲ್ಲರಿಗಿಂತ ಮೊದಲು ಏಳುವುದು. ಎಲ್ಲರೂ ನಗುವರು. ನೀಲಾಂಬಿಕಾ ಮಾತ್ರ ನಗುತ್ತಿರಲಿಲ್ಲ.

ಚಿನ್ನದ ಬಣ್ಣದ ಹಳೆಯ ಕಂಚಿನ ಬಾಗಿಲುಗಳನ್ನು ತೋರಿಸಿ ಮುಗಿಸಿದ ಗೈಡ್ ದೊನಾತಾ, ಮುಂದೆ ಹೊರಡೋಣ ಎಂದಳು. ಸಾವ್ಕಾರರು, "ರೈಟ್!" ಎಂದರು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಮಾತು ನೆನಪಾಗಿ, ಗುಮ್ಮಟದ ಕಡೆ ಕೈ ಮಾಡಿ ನಿಂತಳು. ಕೆಳಗೆ ಮರದ ಆಸರೆಯನ್ನೇ ಕಟ್ಟದೆ, ಇಟ್ಟಿಗೆಯ ಮೇಲೆ ಇಟ್ಟಿಗೆ ಹೆಣೆಯುತ್ತ ಅದನ್ನು ಏರಿಸಿದರಂತೆ. ಪಠ್ಯಪುಸ್ತಕದ ಹೆಬ್ಬೆಟ್ಟಿನಷ್ಟು ಚಿತ್ರದಲ್ಲಿ ಆ ಗುಮ್ಮಟವನ್ನು ವರ್ಷವರ್ಷವೂ ಮಕ್ಕಳಿಗೆ ತೋರಿಸಿದ್ದ ನೀಲಾಂಬಿಕಾ ಮೇಲೆ ನೋಡಿದರು. ಕಣ್ಣೊರೆಸಿಕೊಳ್ಳಲು ಕೈ ಬೇಕಾಯಿತು. ಗಂಡನ ಕೈ ಬಿಟ್ಟರು.

ಫಕ್ಕೀರಪ್ಪನವರು ಹೊರಟುಬಿಟ್ಟಿದ್ದರು. ಅವರಿಗೆ ರೈಟ್ ಸಿಕ್ಕಿತ್ತು.

ಅವರು ಜನರ ನಡುವೆ ನಡೆದರು, ಮೂಲೆ ತಿರುಗಿದರು, ಕಲ್ಲುಹಾಸಿನ ಒಂದು ಇಕ್ಕಟ್ಟಾದ ಓಣಿ ಹಿಡಿದರು. ದೊನಾತಾಳ ದನಿ ನನ್ನಲ್ಲಿ ತೆಳ್ಳಗಾಗತೊಡಗಿತು. ಗೋಡೆಗಳು ದಪ್ಪ. ಗುಮ್ಮಟ ಹೋಯಿತು, ಇಟ್ಟಿಗೆ ಹೋಯಿತು, ಬರೀ ಕರಕರ ಉಳಿಯಿತು. ನಿಲ್ಲಿ ಎನ್ನಲು ನನಗೆ ಬಾಯಿಲ್ಲ. ಕರಕರ ಎಂದೆ. ಅವರು ನನ್ನನ್ನು ಬೆರಳಿನಿಂದ ತಟ್ಟಿ, "ಇಂಜಿನ್ ಮಿಸ್ ಹೊಡ್ಯಾಕತ್ತೈತಿ," ಎಂದುಕೊಂಡು ಮುಂದೆ ನಡೆದರು. ಓಣಿಯ ಆ ತುದಿಯಲ್ಲಿ ವಾಹನಗಳು ಭರ್ರನೆ ಓಡುವ ರಸ್ತೆಯಿತ್ತು.

ಆಗ ದೊನಾತಾಳ ಮಾತು ನಡುವೆಯೇ ನಿಂತಿತು. ಮೈಕು ತೆರೆದೇ ಇತ್ತು. ಅಲ್ಲಿಯದೆಲ್ಲ ಚೂರುಚೂರಾಗಿ ನನಗೆ ಬಂತು. ನೀಲಾಂಬಿಕಾ ಗಂಡನನ್ನು ಹುಡುಕುತ್ತಿದ್ದರು. ಟೂರ್ ಮ್ಯಾನೇಜರ್ ಗುರುನಾಥ ಸಮಾಧಾನ ಹೇಳುತ್ತಿದ್ದ.

"ಇಲ್ಲೇ ಎಲ್ಲರ ಇರ್ತಾರ ಬಿಡ್ರಿ ಅಕ್ಕೋರ. ದಾರಿ ಕೇಳ್ಕೊಂಡು ಬರ್ತಾರ."

"ಬರೂದಿಲ್ಲಪಾ. ಅವರಿಗೆ ಮರವು ಐತಿ. ಹೇಳಿದ್ರ ಕರಕೊಂಡು ಬರೂದಿಲ್ಲ ಅಂತ ನಿನ್ನ ಮುಂದ ಮುಚ್ಚಿಟ್ಟೆ. ಮುಂದಿನ ವರ್ಷ ನನ್ನೂ ಗುರುತ ಹಿಡೀತಾರೋ ಇಲ್ಲೋ, ಅದಕ್ಕ ಈ ವರ್ಷ…"

ಮೈಕಿನ ಮೇಲೆ ಕೈ ಉಜ್ಜಿದ ಸದ್ದು; ನೀಲಾಂಬಿಕಾ ಅದನ್ನು ದೊನಾತಾಳ ಕೈಯಿಂದ ತೆಗೆದುಕೊಂಡಿರಬೇಕು.

"ರೀ…"

ಗುಂಪಿನಲ್ಲಿದ್ದ ಗಂಡಂದಿರೆಲ್ಲ ಕಿವಿ ಮುಟ್ಟಿಕೊಂಡು ತಮ್ಮ ತಮ್ಮ ಹೆಂಡಿರ ಕಡೆ ತಿರುಗಿರಬೇಕು. "ನಾವೆಲ್ಲಾ ಇಲ್ಲೇ ಅದೀವ್ರಿ ಅಕ್ಕೋರ," ಎಂದ ಸಾವ್ಕಾರರ ದನಿ ನಗಲು ಹೋಗಿ ಒಡೆಯಿತು.

"ರೀ, ಎಲ್ಲಿ ಅದೀರಿ? ನಾ ನೀಲಾ. ಕೇಳಸ್ತೈತೇನ್ರಿ?"

ಕೇಳಿಸುತ್ತಿತ್ತು. ಫಕ್ಕೀರಪ್ಪನವರು ಸುತ್ತ ನೋಡಿದರು. ಯಾರೋ ಹೆಂಗಸು ತನ್ನ ಗಂಡನನ್ನು ಕರೆಯುತ್ತಿದ್ದಾಳೆ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮತ್ತೆ ನಡೆದರು. ರಸ್ತೆ ಹತ್ತಿರವಾಯಿತು. ದನಿ ಇನ್ನೂ ತೆಳ್ಳಗಾಯಿತು. ಇನ್ನೊಂದಿಷ್ಟು ದೂರ ಹೋದರೆ ಅದೂ ಇಲ್ಲ.

ಆಗ, ತರಗತಿಯ ಕಡೆಯ ಬೆಂಚಿಗೆ ಮುಟ್ಟುವಂಥ ದನಿಯಲ್ಲಿ, ಬಸ್ಸು ನಿಲ್ಲಿಸುವ ಕಂಡಕ್ಟರನ ಕೂಗು ಬಂತು:

"ಹೋಲ್ಡಾ…ನ್!"

ಅವರ ಬಲಗಾಲು ಕಲ್ಲನ್ನು ಒತ್ತಿ ಹಿಡಿಯಿತು. ನಿಂತರು. ರಸ್ತೆ ಎರಡೇ ಮಾರು ದೂರದಲ್ಲಿತ್ತು.

ನಿಂತಿದ್ದಾರೆ ಎಂದು ಆ ತಾಯಿಗೆ ಹೇಳುವವರು ಯಾರು? ಅವರು ಏನೂ ತಿಳಿಯದೆ ಮಾತಾಡುತ್ತಲೇ ಇದ್ದರು. ಬಸ್ಸು ಮತ್ತೆ ಹೊರಡಬಾರದೆಂದು ಒಬ್ಬೊಬ್ಬರನ್ನೇ ಇಳಿಸತೊಡಗಿದರು.

"ತಡೀರಿ, ಮುದುಕಿ ಇಳ್ಯಾಕತ್ತಾಳ. ಗಂಟು ಐತಿ, ತಡೀರಿ. ಸಾಲಿ ಹುಡುಗ್ರು ಅದಾರ, ಹಿಂದಿನ ಬಾಗಲಾ ನೋಡ್ರಿ. ಬಾಣಂತಿ ಅದಾಳ್ರಿ, ಸಾವಕಾಶ… ಕೇಳಸ್ತೈತೇನ್ರಿ?"

ದನಿ ತಿಳಿಯಾಯಿತು. ಹತ್ತಿರ ಬರುತ್ತಿದ್ದರು. ಮತ್ತೆ ಮಸುಕಾಯಿತು, ಬೇರೆ ಓಣಿಗೆ ಹೊಕ್ಕರು. ಆ ಕಡೆ ಅಲ್ಲ ಎಂದು ನಾನು ಹೇಗೆ ಹೇಳಲಿ? ಕರಕರದ ನಡುವೆ ಫಕ್ಕೀರಪ್ಪನವರ ಹಿಮ್ಮಡಿ ಮೇಲೆದ್ದಿತು. ಅಷ್ಟರಲ್ಲಿ, "…ಕೋಳಿ ಬುಟ್ಟಿ ಇಳಸಾಕತ್ತಾರ, ಹೋಲ್ಡಾನ್!" ಹಿಮ್ಮಡಿ ಮತ್ತೆ ನೆಲಕ್ಕೆ ಬಂತು. ಊರಿನ ಜನರೆಲ್ಲ ಆ ಬಸ್ಸಿನಿಂದ ಇಳಿದು ಮುಗಿಯುವ ಹೊತ್ತಿಗೆ ನನ್ನ ಒಳಗಿನ ದನಿಯೂ ಹೊರಗಿನ ದನಿಯೂ ಒಂದೇ ಆಯಿತು. ನೀಲಾಂಬಿಕಾ ಎದುರಿಗೆ ನಿಂತಿದ್ದರು, ಸೆರಗು ಜಾರಿ, ಮೈಕು ಮುಷ್ಟಿಯಲ್ಲಿ. ಹಿಂದೆ ಗುರುನಾಥ, ಸಾವ್ಕಾರರು, ಎಲ್ಲರೂ.

ಅವರು ಗಂಡನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಫಕ್ಕೀರಪ್ಪನವರು ಸಂಕೋಚಪಟ್ಟು, ಸಂತೋಷದಿಂದಲೇ ಹೇಳಿದರು:

"ಹೊಸಾ ಕಂಡಕ್ಟರ್ ಬಂದಾಳ್ರಿ. ಹೆಣ್ಣಮಗಳು. ಪ್ಯಾಸೆಂಜರ್ ಮ್ಯಾಲೆ ಭಾಳ ಅಂತಃಕರಣ ಆಕಿಗೆ."

ನೀಲಾಂಬಿಕಾ ಅವರ ಗದ್ದವನ್ನು ನಾನು ಅಂದು ಮೊದಲ ಸಲ ಎದುರಿನಿಂದ ನೋಡಿದೆ. ಅದು ನಡುಗುತ್ತಿತ್ತು.

"ನೀವೆಲ್ಲಿ ಇಳ್ಯೋರ್ರಿ?" ಎಂದು ಫಕ್ಕೀರಪ್ಪನವರು ಕೇಳಿದರು.

"ಹೈಸ್ಕೂಲ್ ಮುಂದ್ರಿ."

"ಅಲ್ಲಿ ಸ್ಟಾಪ್ ಇಲ್ರಿ." ಆಮೇಲೆ, ಹಿಂದಿದ್ದವರಿಗೆ ಕೇಳಬಾರದೆಂದು ದನಿ ತಗ್ಗಿಸಿ, "ಆದ್ರ ನಿಮಗಂತ ನಿಲ್ಲಸ್ತೀನಿ, ಅಕ್ಕೋರ."

ಗುಂಪು ಆ ದಿನ ಇನ್ನೇನನ್ನೂ ನೋಡಲಿಲ್ಲ. ಸಂಜೆ ಗುಂಡಿಯಿಂದ ದಾರ ಬಿಚ್ಚಿ ನೀಲಾಂಬಿಕಾ ನನ್ನನ್ನು ಪೆಟ್ಟಿಗೆಗೆ ಹಾಕಿದರು. ಮುಂದೆ ಅವರದು ಏನಾಯಿತೋ ನನಗೆ ತಿಳಿಯದು.

ಈಗ ನನ್ನ ತಂತಿ ತುಂಡಾಗಿದೆ, ಮುಚ್ಚಳಕ್ಕೆ ಅಂಟುಪಟ್ಟಿ. ಕಚೇರಿಗೆ ಹೊಸ ರಿಸೀವರ್‌ಗಳು ಬಂದ ಮೇಲೆ ನನ್ನನ್ನು ಕೆಳಗಿನ ಡ್ರಾಯರಿಗೆ ಹಾಕಿದರು. ಇಲ್ಲಿ ತುಕ್ಕು ಹಿಡಿದ ಸೆಲ್ಲುಗಳಿವೆ, ಹರಿದ ನಕಾಶೆಗಳಿವೆ, ಕತ್ತಲಿದೆ. ಎಷ್ಟೋ ದೊರೆಗಳ, ಶಿಲ್ಪಿಗಳ ಹೆಸರುಗಳು ನನ್ನ ಮೂಲಕ ಹಾದುಹೋದವು, ಒಂದೂ ನಿಂತಿಲ್ಲ. ಆ ಓಣಿಯಲ್ಲಿ ಒಬ್ಬ ಹೆಂಗಸು ಉತ್ತರವಿಲ್ಲದ ಡಬ್ಬಿಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆ ಮಾತ್ರ ನಿಂತಿದೆ. ಅಂದು ಕೈ ಎತ್ತಲು ನನಗೆ ಕೈಯಿರಲಿಲ್ಲ.

ಕೇಳಿಸಿತ್ತು, ಅಕ್ಕೋರೇ. ಪ್ರತಿಯೊಂದೂ ಕೇಳಿಸಿತ್ತು.