ಹಾರಿಹೋದ ಜೇನಿಗೆ ಏಳು ದಿನ

ಎರಡನೆಯ ಹಾಳೆಯ ಕೊನೆಯ ಸಾಲು ಓದಿ ಮುಗಿಸಿದ ರಾದೋಯ್ಕಾ, ಮೂರನೆಯ ಹಾಳೆಯನ್ನು ಬಿಡಿಸದೆ ಹಾಗೆಯೇ ಕೋಟಿನ ಜೇಬಿಗೆ ತುರುಕಿದಳು. "ಮಣ್ಣು ಅವರಿಗೆ ಹಗುರವಾಗಲಿ" ಎಂದಷ್ಟೇ ಹೇಳಿ ಪ್ರೊಫೆಸರರ ಸಮಾಧಿಗುಂಡಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಡ್ಯಾನ್ಯೂಬ್ ಕಡೆಯಿಂದ ಬೀಸುತ್ತಿದ್ದ ಫೆಬ್ರವರಿಯ ಗಾಳಿಗೆ ಎಲ್ಲರ ಮೂಗೂ ಕೆಂಪಾಗಿತ್ತು. ಭಾಷಣ ಇಷ್ಟು ಬೇಗ ಮುಗಿದದ್ದಕ್ಕೆ ಜನ ಒಳಗೊಳಗೇ ಖುಷಿಪಟ್ಟರು.

ಓದದೆ ಉಳಿದ ಹಾಳೆಯಲ್ಲಿ ಇದ್ದದ್ದು ಹದಿನಾಲ್ಕು ಸಾಲು, ಸಾರಾಂಶ ಇಷ್ಟು: ಪ್ರೊಫೆಸರ್ ವುಕಾಶಿನ್ ಓಪಾಚಿಚ್ ಬರೆದ ಆಸ್ತಿ ಕಾನೂನಿನ ದಪ್ಪ ಪುಸ್ತಕದಲ್ಲಿ, ಇನ್ನೂರ ಹದಿನಾಲ್ಕನೆಯ ಪುಟದಲ್ಲಿ, ಒಂದು ತಪ್ಪಿದೆ. ಆ ತಪ್ಪು ಅವರದಲ್ಲ, ನನ್ನದು. ಮೂವತ್ತೆಂಟು ವರ್ಷದಿಂದ ಅದನ್ನು ಅವರಿಂದ ಮುಚ್ಚಿಟ್ಟಿದ್ದೇನೆ. ನಿನ್ನೆ ಇದನ್ನು ಬರೆದಾಗ ರಾದೋಯ್ಕಾಗೆ ಎದೆ ಹಗುರಾಗಿತ್ತು. ಇಂದು ಶವಪೆಟ್ಟಿಗೆಯ ಮುಂದೆ ನಿಂತಾಗ ಓದಲಾಗಲಿಲ್ಲ.

ಅವಳ ಬೆನ್ನ ಹಿಂದೆ ಇಬ್ಬರು ಹಳೆಯ ವಿದ್ಯಾರ್ಥಿಗಳು ಪಿಸುಗುಡುತ್ತಿದ್ದರು.

"ನಾಲ್ಕು ಸಲ ಫೇಲ್ ಮಾಡಿದ್ರು ಕಣೋ ನನ್ನ. ಪೆಟ್ಟಿಗೆಗೆ ಮೊಳೆ ಹೊಡೆದಿದ್ದು ಕಣ್ಣಾರೆ ನೋಡಿ ಹೋಗೋಣ ಅಂತ ಬಂದೆ."

"ಮೆಲ್ಲಗೆ ಮಾತಾಡು ಮಾರಾಯ. ಎದ್ದು ಕೂತು ಐದನೇ ಸಲ ಕರೆದುಬಿಟ್ಟಾರು."

ಆಮೇಲೆ ಓಗ್ನೆನ್ ಮುಂದೆ ಬಂದ. ಪ್ರೊಫೆಸರರ ಪೀಠಕ್ಕೆ ಈಗ ಅವನೇ ಮುಖ್ಯಸ್ಥ. ಮೂವತ್ತೈದರ ಚುರುಕು ಮನುಷ್ಯ. "ಗುರುಗಳ ಪುಸ್ತಕದ ಹದಿಮೂರನೇ ಆವೃತ್ತಿ ಶರತ್ಕಾಲಕ್ಕೆ ತರ್ತೀವಿ. ಒಂದೊಂದು ಸಾಲನ್ನೂ ಮೂಲ ಕಾನೂನಿನ ಜೊತೆ ಇಟ್ಟು ನಾನೇ ಖುದ್ದಾಗಿ ತಾಳೆ ನೋಡ್ತೀನಿ. ಇದು ನನ್ನ ಮಾತು" ಎಂದ. ಅವನು ಹೇಳಿದ ಹಾಗೆ ಮಾಡುವವನೇ. ರಾದೋಯ್ಕಾಗೆ ದಿಗಿಲಾದದ್ದೂ ಅದಕ್ಕೇ. ಇನ್ನು ಆರೇ ತಿಂಗಳಲ್ಲಿ ತಪ್ಪು ಹೊರಗೆ ಬರುತ್ತದೆ, ಬಾಯಿಲ್ಲದ ಸತ್ತ ಮನುಷ್ಯನ ತಲೆಗೆ ಅದು ಅಂಟುತ್ತದೆ. ಅವಳು ಮೂರು ಹಿಡಿ ಮಣ್ಣು ಹಾಕಿದಳು. ಮೂರನೆಯ ಹಿಡಿ ಹಾಕುವಾಗ "ಕ್ಷಮಿಸಿ" ಎಂದದ್ದು ಯಾರಿಗೂ ಕೇಳಿಸಲಿಲ್ಲ.

* * *

ಆ ತಪ್ಪು ನಡೆದ ವರ್ಷ ಅವಳಿಗೆ ಇಪ್ಪತ್ತಾರು. ಪ್ರೊಫೆಸರರ ಸಹಾಯಕಿಯಾಗಿ ಸೇರಿ ಎರಡು ವರ್ಷವಾಗಿತ್ತು. ಹೊಸ ಆವೃತ್ತಿಗೆ ಹಳೆಯ ಅಧ್ಯಾಯಗಳನ್ನು ಮತ್ತೆ ಟೈಪು ಮಾಡಿ ಮುದ್ರಣಕ್ಕೆ ಕಳಿಸುವ ಕೆಲಸ ಅವಳದು. ಅದೇ ಹೊತ್ತಿಗೆ ಮಗ ಸ್ತೆವಾನಿಗೆ ನ್ಯುಮೋನಿಯಾ. ಮಗುವಿಗೆ ಒಂದೂವರೆ ವರ್ಷ. ಗಂಡ ಸೈನ್ಯದ ಕೆಲಸದ ಮೇಲೆ ದೂರದಲ್ಲಿದ್ದ.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ, ಮಡಿಲಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅವಳು ಹಾಳೆಯ ಮೇಲೆ ಹಾಳೆ ಮುಗಿಸಿದಳು. ಮಧ್ಯಾಹ್ನ ಡಾಕ್ಟರು ಬಾಗಿಲಿಂದ ತಲೆ ಹೊರಹಾಕಿ, "ಏಳು ದಿನ ಕಾಯಬೇಕಮ್ಮ. ಏಳು ದಿನ ದಾಟಿದ್ರೆ ಮಗು ನಿಮ್ಮದು" ಎಂದರು. ಅವಳು ತಲೆಯಾಡಿಸಿ ಮತ್ತೆ ಟೈಪು ಮಾಡತೊಡಗಿದಳು.

ಆಗ ಟೈಪು ಮಾಡುತ್ತಿದ್ದದ್ದು ಜೇನಿನ ಸಾಲು. ಸಾಕಿದ ಜೇನಿನ ಹಿಂಡು ಎದ್ದು ಬೇರೆಯವನ ಜಾಗಕ್ಕೆ ಹೋದರೆ ಒಡೆಯ ಅಲ್ಲಿಗೂ ಬೆನ್ನಟ್ಟಿ ಹೋಗಬಹುದು, ಎರಡು ದಿನದೊಳಗೆ ಹೋಗದಿದ್ದರೆ ಹಿಂಡು ಸಿಕ್ಕವನದು. ಕಾನೂನಿನಲ್ಲಿ ಎರಡು ದಿನ. ಅವಳ ಬೆರಳು ಹೊಡೆದದ್ದು ಏಳು ದಿನ.

ಮಗು ಉಳಿಯಿತು. ಪುಸ್ತಕ ಬಂತು. ತಪ್ಪು ಕಣ್ಣಿಗೆ ಬಿದ್ದದ್ದು ನಾಲ್ಕು ಸಾವಿರ ಪ್ರತಿ ಅಂಗಡಿಗೆ ಹೋದ ಮೇಲೆ. ಅವಳು ಹೇಳಬೇಕೆಂದು ಮೂರು ಸಲ ಅವರ ಕೋಣೆಯ ಬಾಗಿಲವರೆಗೂ ಹೋದಳು. ಒಂದು ಅಡಿಟಿಪ್ಪಣಿಯ ತಪ್ಪಿಗೆ ಅವಳಿಗಿಂತ ಮುಂಚಿನ ಸಹಾಯಕನನ್ನು ಅವರು ಮನೆಗೆ ಕಳಿಸಿದ್ದು ಇಡೀ ಕಾಲೇಜಿಗೆ ಗೊತ್ತಿತ್ತು. ಮೂರು ಸಲವೂ ಹಿಂದಿರುಗಿ ಬಂದಳು.

* * *

ಮೌಖಿಕ ಪರೀಕ್ಷೆಗಳು ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿ ನಡೆಯುತ್ತಿದ್ದವು. ಪ್ರೊಫೆಸರರು ಸೇಬಿನ ಸಿಪ್ಪೆ ಒಂದೇ ಸುರುಳಿಯಾಗಿ ಸುಲಿಯುತ್ತ ಉತ್ತರ ಕೇಳುತ್ತಿದ್ದರು. ಚಾಕು ನಿಂತಿತೆಂದರೆ ಉತ್ತರ ತಪ್ಪು. ವಿದ್ಯಾರ್ಥಿಗಳು ಮುಖ ನೋಡುವುದು ಬಿಟ್ಟು ಚಾಕು ನೋಡುತ್ತಿದ್ದರು. ಅಂಕ ಆರು ಬಂದರೆ ಪಾಸು, ಹತ್ತಕ್ಕಿಂತ ಮೇಲಿಲ್ಲ. ಒಂಬತ್ತನ್ನು ಕೊಡುವಾಗಲೂ ಅವರ ಮುಖ ಸ್ವಂತ ಹಲ್ಲು ಕಿತ್ತುಕೊಡುವವರ ಹಾಗಿರುತ್ತಿತ್ತು. ಆ ಒಂಬತ್ತು ಹಿಂದೊಮ್ಮೆ ರಾದೋಯ್ಕಾಗೂ ಸಿಕ್ಕಿತ್ತು. ಹತ್ತು ಯಾಕಿಲ್ಲ ಎಂದು ಕೇಳುವ ಧೈರ್ಯ ಅವಳಿಗೆ ಆಗಿರಲಿಲ್ಲ.

ಹೊಸ ಆವೃತ್ತಿ ಬಂದ ಮರುವರ್ಷದ ಚಳಿಗಾಲದಲ್ಲಿ, ಚೆನ್ನಾಗಿ ಉತ್ತರಿಸುತ್ತಿದ್ದ ಒಬ್ಬ ಹುಡುಗನಿಗೆ ಪ್ರೊಫೆಸರರು ಇದ್ದಕ್ಕಿದ್ದಂತೆ ಕೇಳಿದರು: "ಜೇನು ಹಾರಿಹೋಯಿತು. ಒಡೆಯನಿಗೆ ಎಷ್ಟು ದಿನ?"

ಪಕ್ಕದಲ್ಲಿ ಕೂತಿದ್ದ ರಾದೋಯ್ಕಾ ಎದ್ದು ಹೋಗಿ ಕಿಟಕಿ ತೆರೆದಳು. ಅದರ ಚಿಲಕ ಮುರಿದಿತ್ತು, ತೆರೆದರೆ ನಿಲ್ಲುತ್ತಿರಲಿಲ್ಲ. ಯಾವುದೋ ರದ್ದಿ ಹಾಳೆಯನ್ನು ನಾಲ್ಕಾಗಿ ಮಡಚಿ ಸಂದಿಗೆ ಸಿಕ್ಕಿಸುತ್ತ ಆದಷ್ಟು ಹೊತ್ತು ಬೆನ್ನು ತಿರುಗಿಸಿ ನಿಂತಳು.

"ಏಳು ದಿನ" ಎಂದ ಹುಡುಗ.

ಸೇಬಿನ ಸಿಪ್ಪೆ ಇಳಿಯುತ್ತಲೇ ಇತ್ತು. ಚಾಕು ನಿಲ್ಲಲಿಲ್ಲ. ಅವರಿಗೆ ಗೊತ್ತಾಗಿಲ್ಲ ಎಂದು ಅವಳಿಗೆ ಜೀವ ಬಂತು, ಬಂದ ಬೆನ್ನಿಗೇ ನಾಚಿಕೆಯಾಯಿತು. ಹುಡುಗನಿಗೆ ಒಂಬತ್ತು ಸಿಕ್ಕಿತು.

ಆಮೇಲೆ ಆ ಪ್ರಶ್ನೆ ಮೇಲಿಂದ ಮೇಲೆ ಬರತೊಡಗಿತು, ಅದೂ ಜಾಣರಿಗೆ ಮಾತ್ರ. ಬಂದಾಗಲೆಲ್ಲ ಅವಳು ಎದ್ದು ಕಿಟಕಿ ತೆರೆದಳು, ಇಲ್ಲವೇ ನೀರು ತರುವ ನೆಪದಲ್ಲಿ ಹೊರಗೆ ಹೋದಳು. ಇಪ್ಪತ್ತೊಂದು ವರ್ಷ ಹೀಗೇ ನಡೆಯಿತು. ಅವರು ನಿವೃತ್ತರಾಗಿ ಪರೀಕ್ಷೆ ಅವಳ ಕೈಗೆ ಬಂದ ಮೇಲೆ ಅವಳು ಜೇನಿನ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. ಪುಸ್ತಕ ಮಾತ್ರ ಆವೃತ್ತಿಯ ಮೇಲೆ ಆವೃತ್ತಿ ಅಚ್ಚಾಗುತ್ತ ಹೋಯಿತು. ಮೊದಲ ಸಲ ಹೇಳದವಳು ಎರಡನೆಯ ಸಲ ಹೇಗೆ ಹೇಳಿಯಾಳು? ಐದನೆಯ ಸಲವಂತೂ ಸಾಧ್ಯವೇ ಇರಲಿಲ್ಲ.

* * *

ಸ್ಮಶಾನದಿಂದ ಬಂದವರಲ್ಲಿ ಹತ್ತಿರದವರು ಮೂವತ್ತು ಜನ ಪ್ರೊಫೆಸರರ ಮೂರನೆಯ ಮಹಡಿಯ ಮನೆಯಲ್ಲಿ ಸೇರಿದರು. ಬಾಗಿಲಲ್ಲಿ ಒಬ್ಬೊಬ್ಬರೂ ಶಿಲುಬೆಯ ಗುರುತು ಮಾಡಿ, ಅಕ್ರೋಟು ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಒಂದು ಚಮಚ ತಿಂದು ಒಳಗೆ ನಡೆದರು. ಪ್ಲಮ್ ಹಣ್ಣಿನಿಂದ ಬಟ್ಟಿಯಿಳಿಸಿದ ರಾಕಿಯಾ ಮದ್ಯದ ಪುಟ್ಟ ಲೋಟ ಹಿಡಿದವರು ಸತ್ತವರ ಪಾಲೆಂದು ನಾಲ್ಕು ಹನಿ ನೆಲಕ್ಕೆ ಚೆಲ್ಲಿದರು. ಲೋಟಕ್ಕೆ ಲೋಟ ಯಾರೂ ತಾಗಿಸಲಿಲ್ಲ. ಒಲೆ ಉರಿಯುತ್ತಿತ್ತು, ಸಿಗರೇಟಿನ ಹೊಗೆ ಛಾವಣಿ ಮುಟ್ಟಿತ್ತು.

ಎಂಬತ್ತು ದಾಟಿದ ಹೆಂಡತಿ ಕೊಸಾರಾ ಮೇಜಿನ ತುದಿಯಲ್ಲಿ ಕೂತು ಎಲ್ಲರ ತಟ್ಟೆಗೂ ಎಲೆಕೋಸಿನ ಸುರುಳಿ ಬೀಳುತ್ತಿದೆಯೇ ಎಂದು ನೋಡುತ್ತಿದ್ದಳು. ಓಗ್ನೆನ್ ಅವಳ ಕಿವಿಯ ಹತ್ತಿರ ಬಗ್ಗಿದ.

"ಅಮ್ಮಾ, ಗುರುಗಳು ಮೇಜಿನ ಮೇಲೆ ಇಟ್ಕೋತಿದ್ದ ಅವರ ಸ್ವಂತ ಪ್ರತಿ ಇದೆಯಲ್ಲ, ಅದು ನನಗೆ ಬೇಕಾಗುತ್ತೆ. ಅದರಲ್ಲಿ ತಿದ್ದುಪಡಿ ಏನಾದ್ರೂ ಬರೆದಿರಬಹುದು."

"ಅದು ನಿಂಗಲ್ಲ ಮಗಾ. ಅದು ರಾದೋಯ್ಕಾಗೆ ಅಂತ ಹೇಳಿ ಹೋಗಿದ್ದಾರೆ. ನೀನು ಮೊದಲು ಊಟ ಮಾಡು" ಎಂದಳು ಕೊಸಾರಾ.

ರಾದೋಯ್ಕಾಳ ಕೈಯ ಚಮಚ ತಟ್ಟೆಗೆ ಬಡಿಯಿತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ತಿಹೋಮಿರ್ ಎದ್ದು ನಿಂತ. ಇವನು ನಿವೃತ್ತ ನ್ಯಾಯಾಧೀಶ, ಒಳ್ಳೆಯ ಮೈಕಟ್ಟಿನ ಮೀಸೆಯ ಮನುಷ್ಯ. ಪ್ರೊಫೆಸರರಿಂದ ಹತ್ತು ಪಡೆದ ಹನ್ನೊಂದು ಜನರಲ್ಲಿ ಒಬ್ಬ ಎಂದು ಊರೆಲ್ಲ ಬಲ್ಲದು.

"ನಾನೊಂದು ಆಣೆ ಹಾಕಿದ್ದೆ. ಅವರನ್ನ ಮಣ್ಣು ಮಾಡೋ ತನಕ ಬಾಯಿ ಬಿಡಲ್ಲ ಅಂತ. ಇವತ್ತು ಒಂದು ಗಂಟೆಗೆ ಆಣೆ ತೀರಿತು, ಇನ್ನು ತಡ್ಕೊಳಕ್ಕಾಗಲ್ಲ" ಎಂದ. "ನನಗೆ ಹತ್ತು ಯಾಕೆ ಸಿಕ್ತು ಗೊತ್ತಾ? ಅವರ ಪುಸ್ತಕ ತಪ್ಪು ಅಂದಿದ್ದಕ್ಕೆ!"

"ಜೇನಾ?" ಎಂದು ಮೇಜಿನ ಆ ತುದಿಯಿಂದ ನೋಟರಿ ಲ್ಯೂಬಿಂಕಾ ಕಿರುಚಿದಳು. ಅವಳೂ ಹನ್ನೊಂದರಲ್ಲಿ ಒಬ್ಬಳು. "ತಿಹೋಮಿರ್, ನಿಂಗೂ ಜೇನೇನಾ? ನನ್ನ ಹತ್ರಾನೂ ಆಣೆ ಹಾಕಿಸಿಕೊಂಡಿದ್ರು! ಹೆಣ್ಣಾಗಿ ಮೂವತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀನಿ, ಗಂಡನಿಗೂ ಹೇಳಿಲ್ಲ!"

ಗೋಡೆಯ ಬದಿಯಲ್ಲಿದ್ದ ತೆಳ್ಳನೆಯ ವಕೀಲನೊಬ್ಬ ಕೈ ಎತ್ತಿದ. ಅವನದೂ ಜೇನೇ. ಸಾವಿನ ಮನೆ ಎನ್ನುವುದನ್ನೂ ಮರೆತು ಜನ ಗೊಳ್ಳೆಂದು ನಕ್ಕರು.

"ನಾನೇನು ಮಹಾ ಬುದ್ಧಿವಂತ ಅಲ್ಲ" ಎಂದ ತಿಹೋಮಿರ್. "ಜನವರಿ ತಿಂಗಳು, ಹೊರಗೆ ಮಂಡಿಯುದ್ದ ಹಿಮ. ಅವರು ಜೇನು ಅಂದ್ರು, ಮೇಡಂ ಎದ್ದು ಹೋಗಿ ಕಿಟಕಿ ತೆರೆದ್ರು. ಹಿಮದಲ್ಲಿ ಯಾರು ಕಿಟಕಿ ತೆರೀತಾರೆ ಹೇಳಿ? ಇಲ್ಲೇನೋ ಎಡವಟ್ಟಿದೆ ಅಂತ ಹೊಳೀತು. ನಮ್ಮಜ್ಜ ಜೇನು ಸಾಕ್ತಿದ್ದ, ಎರಡೇ ದಿನ ಅಂತಿದ್ದ. ಪುಸ್ತಕ ತಪ್ಪು ಸಾರ್, ಅಜ್ಜ ಸರಿ ಅಂದುಬಿಟ್ಟೆ. ಚಾಕು ನಿಂತಿತು. ಸತ್ತೆ ಅಂದ್ಕೊಂಡೆ. ನೋಡಿದ್ರೆ ಸೇಬು ಕತ್ತರಿಸಿ ಅರ್ಧ ನನ್ನ ಕೈಗಿಟ್ರು."

"ನನಗೂ ಕಿಟಕಿನೇ" ಎಂದಳು ಲ್ಯೂಬಿಂಕಾ. "ಮೇಡಂ ಅಷ್ಟು ಹೊತ್ತು ಕಾಗದ ಸಿಕ್ಕಿಸ್ತಿದ್ರಲ್ಲ, ಆಗ ಅನುಮಾನ ಬಂದು ಮೂಲ ಕಾನೂನು ಕೊಡಿ, ನೋಡಿ ಹೇಳ್ತೀನಿ ಅಂದೆ. ಎಷ್ಟೋ ವರ್ಷದಿಂದ ಹೀಗೆ ಕೇಳೋರಿಗೆ ಕಾಯ್ತಿದ್ದೀನಿ ಅಂದ್ರು."

"ಯಾರ ತಪ್ಪು ಸಾರ್, ಮುದ್ರಣದವರದಾ ಅಂತ ನಾನು ಕೇಳಿದೆ" ಎಂದ ತಿಹೋಮಿರ್. "ಗುರ್ ಅಂದ್ರು. 'ಮುಖಪುಟದ ಮೇಲೆ ಯಾರ ಹೆಸರಿದೆಯೋ ಅವನದು. ಹೊರಗೆ ಹೋಗಿ ಮುಂದಿನವನನ್ನ ಕಳಿಸು.'"

ಓಗ್ನೆನ್ ಮಾತ್ರ ನಗಲಿಲ್ಲ. "ಅಂದ್ರೆ ತಪ್ಪು ಅಂತ ಗೊತ್ತಿದ್ದೂ ಅಷ್ಟೂ ಆವೃತ್ತಿ ಹಾಗೇ ಬಿಟ್ರಾ? ಯಾರಾದ್ರೂ ಬಡಪಾಯಿ ಆ ಪುಸ್ತಕ ನಂಬಿ ಜೇನು ಕಳ್ಕೊಂಡಿದ್ರೆ?"

"ಮೂವತ್ತು ವರ್ಷ ಕೋರ್ಟಲ್ಲಿ ಕೂತೆ ಓಗ್ನೆನ್, ಒಂದೂ ಜೇನಿನ ಕೇಸು ಬಂದಿಲ್ಲ. ಜೇನಿನ ಹಿಂದೆ ಓಡೋನಿಗೆ ಕೋರ್ಟಿಗೆ ಬರೋಕೆ ಪುರುಸೊತ್ತೆಲ್ಲಿ?" ಎಂದ ತಿಹೋಮಿರ್.

ರಾದೋಯ್ಕಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಆ ತಪ್ಪು ನಂದು" ಎಂದಳು. "ಅವರದಲ್ಲ. ಟೈಪು ಮಾಡಿದ್ದು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಇವತ್ತು ಅಲ್ಲಿ ಓದಬೇಕಿತ್ತು, ಆಗಲಿಲ್ಲ. ಈಗ ಓದ್ತೀನಿ." ಜೇಬಿನಿಂದ ಮೂರನೆಯ ಹಾಳೆ ತೆಗೆದಳು. ಮಡಿಕೆ ಬಿಚ್ಚಿದಳು.

"ಅಯ್ಯೋ, ಕೂತ್ಕೊಳ್ಳೇ ಹುಚ್ಚಿ" ಎಂದಳು ಕೊಸಾರಾ. "ಓದೋದೇನೂ ಬೇಡ, ಸಾರು ಆರಿಹೋಗುತ್ತೆ. ಅವರಿಗೆ ಗೊತ್ತಿತ್ತು."

"ತಪ್ಪು ಗೊತ್ತಿತ್ತು ಅಮ್ಮಾ. ಅದು ನಂದು ಅಂತ..."

"ಅದೂ ಗೊತ್ತಿತ್ತು. ತಿಹೋಮಿರ್, ಒಳಗಿನ ಕೋಣೇಲಿ ದೀಪದ ಪಕ್ಕ ದಪ್ಪ ಪುಸ್ತಕ ಇದೆ, ತಗೊಂಡು ಬಾ."

ಬೆನ್ನು ಸವೆದು, ಅಂಟುಪಟ್ಟಿಯಲ್ಲಿ ನಿಂತಿದ್ದ ಪುಸ್ತಕ. ಅದು ಆಸ್ಪತ್ರೆಯ ವರ್ಷದ ಆವೃತ್ತಿಯೇ. ಇನ್ನೂರ ಹದಿನಾಲ್ಕನೆಯ ಪುಟ ಹುಡುಕಬೇಕಾಗಲಿಲ್ಲ, ತಾನಾಗಿ ತೆರೆದುಕೊಂಡಿತು. 'ಏಳು' ಎನ್ನುವ ಪದದ ಕೆಳಗೆ ಪೆನ್ಸಿಲಿನ ಒಂದು ಗೆರೆ. ಅಂಚಿನ ಉದ್ದಕ್ಕೂ ಇರುವೆಸಾಲಿನಂಥ ಅವರ ಅಕ್ಷರದಲ್ಲಿ ಹೆಸರುಗಳು, ತಾರೀಕು, ಪ್ರತಿಯೊಂದರ ಮುಂದೆ ಹತ್ತು. ತಿಹೋಮಿರ್ ಇದ್ದ, ಲ್ಯೂಬಿಂಕಾ ಇದ್ದಳು, ತೆಳ್ಳನೆಯ ವಕೀಲನಿದ್ದ. ರಾದೋಯ್ಕಾ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಎಣಿಸಿದಳು. ಹನ್ನೊಂದಲ್ಲ, ಹನ್ನೆರಡು ಇದ್ದವು.

ಎಲ್ಲಕ್ಕಿಂತ ಮೇಲೆ ಹೀಗಿತ್ತು: 'ರಾದೋಯ್ಕಾ. 3 ಫೆಬ್ರವರಿ 1986. ಕಿಟಕಿ ತೆರೆದಳು. 10.'

"ಪಾಪ ಆ ಹುಡುಗಿಗೆ ಹೇಳಿಬಿಡ್ರೀ ಅಂತ ನಾನೂ ಎಷ್ಟು ಸಲ ಅಂದೆ" ಎಂದಳು ಕೊಸಾರಾ. "'ಹೇಳಿದ್ರೆ ಮರುದಿನವೇ ರಾಜೀನಾಮೆ ಹಿಡ್ಕೊಂಡು ಬರ್ತಾಳೆ. ಆಮೇಲೆ ನನ್ನ ಕಿಟಕಿ ಯಾರು ತೆರೀತಾರೆ?' ಅಂತಿದ್ರು. 'ಮಗು ಆಸ್ಪತ್ರೇಲಿದ್ದಾಗ ಕೆಲಸ ಕೊಟ್ಟಿದ್ದು ನನ್ನ ತಪ್ಪು' ಅಂತಾನೂ ಅಂತಿದ್ರು. ಅದನ್ನ ಮಾತ್ರ ನನ್ನ ಹತ್ರ ಬಿಟ್ಟು ಯಾರ ಹತ್ರಾನೂ ಅನ್ನಲಿಲ್ಲ, ಆ ಮನುಷ್ಯ."

ರಾದೋಯ್ಕಾಗೆ ಮೊದಲು ಬಂದದ್ದು ಸಿಟ್ಟು. ಮೂವತ್ತೆಂಟು ವರ್ಷದ ನಿದ್ದೆಯನ್ನು ಯಾರು ಹಿಂದಿರುಗಿಸುತ್ತಾರೆ ಎಂದು ಕೇಳಬೇಕೆನಿಸಿತು. ಆದರೆ ಬಾಯಿ ತೆರೆದರೆ ನಗು ಬಂತು, ನಗುವಿನ ಜೊತೆಗೇ ಅಳು ಬಂತು, ಎರಡನ್ನೂ ಅವಳು ತಡೆಯಲಿಲ್ಲ. ಎಷ್ಟೋ ವರ್ಷ ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಮೆಲ್ಲಗೆ ಇಳಿಸಿಕೊಂಡಂತಾಯಿತು.

"ಹಾಗಾದ್ರೆ ಮೇಡಂ," ಎಂದ ಓಗ್ನೆನ್ ತೊದಲುತ್ತ, "ಹದಿಮೂರನೇ ಆವೃತ್ತೀಲಿ ಏನು ಹಾಕಲಿ? ಎರಡಾ, ಏಳಾ?"

"ಎರಡು" ಎಂದಳು ರಾದೋಯ್ಕಾ. "ಹತ್ತು ಕೊಡೋಕೆ ತಪ್ಪು ಬೇಕಿದ್ರೆ ನಿಂದೇ ಒಂದು ಮಾಡ್ಕೋ."

ಮತ್ತೆ ನಗು ಎದ್ದಿತು. ಯಾರೋ ಅವಳ ಲೋಟ ತುಂಬಿದರು, ಅವಳು ನಾಲ್ಕು ಹನಿ ನೆಲಕ್ಕೆ ಚೆಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದಳು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಎದ್ದು, ಜನರ ಮಧ್ಯೆ ದಾರಿ ಮಾಡಿಕೊಂಡು ಹೋಗಿ ಬೀದಿಯ ಕಡೆಯ ಕಿಟಕಿ ತೆರೆದಳು.

"ಚಳಿ ಮೇಡಂ, ಮುಚ್ಚಿ!" ಎಂದು ಯಾರೋ ಕೂಗಿದರು.

"ಸುಮ್ನಿರ್ರೋ, ತೆರೀಲಿ" ಎಂದ ತಿಹೋಮಿರ್.

ಹಳೆಯ ಕಿಟಕಿ, ಗಾಳಿಗೆ ತಿರುಗಿ ತಿರುಗಿ ಮುಚ್ಚಿಕೊಳ್ಳುತ್ತಿತ್ತು. ರಾದೋಯ್ಕಾ ಕೈಯಲ್ಲಿದ್ದ ಮೂರನೆಯ ಹಾಳೆಯನ್ನು ನಾಲ್ಕಾಗಿ ಮಡಚಿ ಸಂದಿಗೆ ಒತ್ತಿ ಸಿಕ್ಕಿಸಿದಳು. ಕಿಟಕಿ ನಿಂತಿತು.