ತಾನಾಗಿ ತೆರೆದುಕೊಂಡ ಹಲಗೆ

ಈ ಕಥೆಯನ್ನು ಹೇಳುವುದಕ್ಕೆ ನನಗಿಂತ ತಕ್ಕವರು ಇದ್ದಾರೆ. ಅದಕ್ಕಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಡೆದದ್ದು ಗಂಡಸರು ಕೂತ ಹಜಾರದಲ್ಲಿ. ನಾನು ಬಲ್ಲದ್ದು ಗೋಡೆಯ ಈಚೆ ನಿಂತು ಕೇಳಿಸಿಕೊಂಡವಳು ಹೇಳಿದ್ದು. ಕಂಪ್ಯೂಟರಿನ ವಿಷಯದಲ್ಲಿ ನನ್ನ ತಿಳಿವಳಿಕೆಯೂ ಸಂಜೆ ತರಗತಿಯಷ್ಟೇ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ಆದರೆ ಹೇಳದೆ ಒಳಗೇ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಸಲ್ತ್ ಊರಿನ ಮೆಟ್ಟಿಲೋಣಿಯ ಮೇಲ್ತುದಿಯಲ್ಲಿ ಅಬೂ ಹನಾದಿಯ ಮನೆ. ಹಿರಿಮಗಳು ಹನಾದಿ ಹುಟ್ಟಿದ ದಿನವೇ ಊರು ಅವನನ್ನು 'ಹನಾದಿಯ ಅಪ್ಪ' ಎಂದು ಕರೆಯತೊಡಗಿತು. ಗಂಡುಮಗ ಹುಟ್ಟಿದ ಮೇಲೆ ಈ ಹೆಸರು ಬದಲಾದೀತು ಎಂದುಕೊಂಡವರೂ ಇದ್ದರು. ಹುಟ್ಟಿದವಳು ದುಹಾ. ಹೆಸರು ಹಾಗೇ ನಿಂತಿತು. ಅವನು ರಾಜಧಾನಿ ಅಮ್ಮಾನಿಗೆ ಹೋಗುವ ಬಸ್ಸು ಓಡಿಸುತ್ತಿದ್ದ. ಸಲ್ತ್‌ನಲ್ಲಿ ಶುರುವಾದ ಅವನ ಕಥೆ ಅಮ್ಮಾನಿನಲ್ಲೂ ಮುಗಿಯದೆ, ಬಸ್ಸು ನಿಂತ ಮೇಲೂ ಜನ ಇಳಿಯದೆ ಕೂತಿರುತ್ತಿದ್ದರಂತೆ. ಅಂಥವನಿಗೆ ಲಕ್ವ ಹೊಡೆದು ನಾಲಿಗೆ ಬಿದ್ದುಹೋಯಿತು. ಮೈಯಲ್ಲಿ ಹೇಳಿದ ಮಾತು ಕೇಳುವುದೆಂದು ಉಳಿದದ್ದು ಬಲಗೈ ಹೆಬ್ಬೆರಳೊಂದೇ.

ಆ ಹೆಬ್ಬೆರಳಿಗಾಗಿ ಅಮ್ಮಾನಿನ ಆರೈಕೆ ಕೇಂದ್ರದವರು ಒಂದು ಕಂಪ್ಯೂಟರ್ ಕೊಟ್ಟರು. ಗಾಲಿಕುರ್ಚಿಗೆ ಬಿಗಿದ ಪುಟ್ಟ ಮೇಜಿನ ಮೇಲೆ ಅದು ಕೂರುತ್ತದೆ, ಹೆಬ್ಬೆರಳ ಕೆಳಗೆ ದಪ್ಪದೊಂದು ಬಟನ್. ಪರದೆಯ ತುಂಬ ಮನೆ ಮನೆಯಾಗಿ ಪದಗಳು. ಒಂದು ಬೆಳಕು ಟಿಕ್, ಟಿಕ್ ಎನ್ನುತ್ತ ಮನೆಯಿಂದ ಮನೆಗೆ ನಡೆಯುತ್ತದೆ. ಬೇಕಾದ ಪದಕ್ಕೆ ಬಂದಾಗ ಒತ್ತಿದರೆ ಯಂತ್ರ ಅದನ್ನು ವಾರ್ತೆ ಓದುವವನ ದನಿಯಲ್ಲಿ ಹೇಳುತ್ತದೆ. ಮನೆಯವರು ಅದನ್ನು ಹಲಗೆ ಎನ್ನುತ್ತಿದ್ದರು. ಕೊನೆಯ ಮನೆಯಲ್ಲಿ 'ಮಲಗು' ಎಂದಿತ್ತು. ಅದನ್ನು ಒತ್ತಿದರೆ ಹಲಗೆ ಮುಚ್ಚಿ ಯಂತ್ರ ನಿದ್ದೆ ಹೋಗುತ್ತಿತ್ತು. ಮತ್ತೆ ಬಟನ್ ಒತ್ತಿದರೆ ಯಂತ್ರವೇನೋ ಏಳುತ್ತಿತ್ತು, ಹಲಗೆ ಮಾತ್ರ ತೆರೆಯುತ್ತಿರಲಿಲ್ಲ. ಯಾರಾದರೂ ಬಂದು ಕೈಯಾರೆ ತೆರೆಯಬೇಕು. ಆ 'ಯಾರಾದರೂ' ಯಾವಾಗಲೂ ಹನಾದಿಯೇ.

ದುಹಾಳನ್ನು ಕೇಳಿಕೊಂಡು ಇರ್ಬಿದ್ ಊರಿನಿಂದ ಶುಕ್ರವಾರ ಹಿರಿಯರ ದಿಬ್ಬಣ ಬರುವುದೆಂದು ನಿಶ್ಚಯವಾದಾಗ ಈ ಸಣ್ಣ ತೊಡಕು ಬೆಟ್ಟವಾಗಿ ನಿಂತಿತು. ದಿಬ್ಬಣದ ಮುಖ್ಯಸ್ಥ ತನ್ನ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಹೆಣ್ಣು ಕೇಳುತ್ತಾನೆ. ಹೆಣ್ಣಿನ ಕಡೆಯವನು 'ನಿಮ್ಮ ಕಾಫಿ ಕುಡಿಯಿರಿ' ಎಂದರೆ ಹೆಣ್ಣು ಕೊಟ್ಟಂತೆ. ಆ ಮಾತು ಬರುವ ತನಕ ಒಬ್ಬರೂ ಬಟ್ಟಲನ್ನು ತುಟಿಗೆ ತಾಗಿಸುವುದಿಲ್ಲ. ಕಾಫಿಯನ್ನು ಆರಲು ಬಿಟ್ಟು ಎದ್ದು ಹೋದ ದಿಬ್ಬಣಗಳ ಕಥೆ ಊರಿಗೆಲ್ಲ ಬಾಯಿಪಾಠ.

ಚಿಕ್ಕಪ್ಪ ನವ್ವಾಫ್ ಬಂದು ಎಲ್ಲವನ್ನೂ ತಾನೇ ವಹಿಸಿಕೊಂಡ. ಕೆಟ್ಟವನಲ್ಲ, ಲಕ್ವ ಹೊಡೆದ ದಿನ ಅಣ್ಣನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದವನು ಅವನೇ. ಆದರೆ ದುಹಾಳನ್ನು ತನ್ನ ಹೆಂಡತಿಯ ತವರಿಗೆ ಕೊಡಬೇಕೆಂಬುದು ಅವನ ಮನಸ್ಸಿನಲ್ಲಿತ್ತು.

"ಅಣ್ಣ ಸುಮ್ನೆ ಕೂತಿರ್ಲಿ, ಮಾತು ನನಗೆ ಬಿಡಿ. ಕೇಳಿದ ತಕ್ಷಣ ಹ್ಞೂ ಅಂದ್ರೆ ಹುಡುಗಿ ಅಗ್ಗ ಆಗ್ತಾಳೆ. ಸ್ವಲ್ಪ ದಿನ ಯೋಚನೆ ಮಾಡ್ತೀವಿ ಅಂತೀನಿ," ಎಂದ.

ದುಹಾ ಒಲೆಯ ಮುಂದೆ ಮುಖ ತಿರುಗಿಸಿಕೊಂಡಳು. ಹುಡುಗನ ತಾಯಿಯ ಸೆರಗಿನಲ್ಲಿ ಇನ್ನೊಂದು ಹೆಣ್ಣಿನ ಹೆಸರು ಗಂಟು ಬಿದ್ದಿದೆ, ಸ್ವಲ್ಪ ದಿನ ಎಂದರೆ ಎಂದೆಂದಿಗೂ ಇಲ್ಲ ಎಂದೇ ಅರ್ಥ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಟಿಕ್ ಟಿಕ್ ಎಂದು ಬೆಳಕು ಬಹಳ ಹೊತ್ತು ನಡೆಯಿತು. ಕೊನೆಗೆ ವಾರ್ತೆಯ ದನಿ ಹೇಳಿತು: "ಕಾಫಿ ನಾನು ಕುಡಿಸುತ್ತೇನೆ. ಹಲಗೆ ಯಾರೂ ಮುಟ್ಟಬಾರದು."

ನವ್ವಾಫ್ ನಕ್ಕ. "ಮುಟ್ಟದೆ ಅದು ಮಾತಾಡಿದ್ರೆ ನನ್ನ ಮೀಸೆ ಬೋಳಿಸ್ಕೊಳ್ತೀನಿ, ಅಣ್ಣಾ."

ಆದರೆ ಅಪ್ಪ ಹೇಳಿದ್ದರಲ್ಲಿ ನ್ಯಾಯವಿತ್ತು. ಮಾತಿಗೆ ಮೊದಲು ಇನ್ನೊಬ್ಬರ ಕೈ ಯಂತ್ರಕ್ಕೆ ತಗುಲಿತೋ, ಮಾತನ್ನು ಅವನ ಬಾಯಿಗೆ ಯಾರೋ ಇಟ್ಟರು ಎಂದು ಊರು ಆಡಿಕೊಳ್ಳುತ್ತದೆ. ಹನಾದಿಯಂತೂ ಆ ಹಜಾರಕ್ಕೆ ಕಾಲಿಡುವಂತಿಲ್ಲ. ಹಾಗಾದರೆ ಯಂತ್ರವನ್ನು ಮಲಗಿಸದೆಯೇ ಬಿಡೋಣ ಎಂದಳು ಅವಳು. ಅಪ್ಪ ಒಪ್ಪಲಿಲ್ಲ. ಬಂದ ಹಿರಿಯ ಮಾತಾಡುವಾಗ ಮನೆಯವನ ಮಡಿಲಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತಿರುವುದು ಅವನ ಲೆಕ್ಕದಲ್ಲಿ ಅತಿಥಿಗೆ ಆಕಳಿಸಿ ತೋರಿಸಿದ ಹಾಗೆ. ಅವರ ಮಾತು ಮುಗಿಯುವ ತನಕ ತನ್ನ ಯಂತ್ರವೂ ಬಾಯಿ ಮುಚ್ಚಿಕೊಂಡಿರಬೇಕು.

ಅಂದರೆ ಯಂತ್ರ ಮಲಗಬೇಕು, ಅಪ್ಪನ ಹೆಬ್ಬೆರಳಿಗೆ ಏಳಬೇಕು, ಎದ್ದ ಮೇಲೆ ಹಲಗೆ ತಾನಾಗಿ ತೆರೆದುಕೊಳ್ಳಬೇಕು. ಹನಾದಿ ಹಗಲು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದವಳು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈಯೆತ್ತದ ಹುಡುಗಿ. ಅಂಥವಳು ಆ ದಿನ ಪಾಠ ಮುಗಿದ ಮೇಲೆ ಹಿಂದೆ ಉಳಿದು ಟೀಚರ್ ಇಬ್ತಿಸಾಮರನ್ನು ಕೇಳಿದಳು. ಯಂತ್ರ ಎದ್ದ ತಕ್ಷಣ ಏನೇನು ಮಾಡಬೇಕೆಂದು ಬರೆದಿಡುವ ಒಂದು ಜಾಗ ಇದೆ ಎಂದು ಅವರು ತೋರಿಸಿಕೊಟ್ಟರು. ಹನಾದಿ ಮನೆಗೆ ಓಡಿಬಂದು ಅಲ್ಲಿ 'ಹಲಗೆ ತೆರೆ' ಎಂದು ಬರೆದಳು. ಹಲಗೆ ತೆರೆದ ಕೂಡಲೇ ಸಲಾಂ ಹೇಳುವಂತೆಯೂ ಮಾಡಿದಳು, ಅಡಿಗೆಮನೆಯಲ್ಲಿದ್ದರೂ ತನಗೆ ಗೊತ್ತಾಗಲಿ ಎಂದು. ಮಲಗಿಸಿದಳು. ಅಪ್ಪ ಒತ್ತಿದ. ಯಂತ್ರ ಎದ್ದಿತು. ಹಲಗೆಯೂ ಇಲ್ಲ, ಸಲಾಮೂ ಇಲ್ಲ.

ಮರುದಿನ ಟೀಚರ್ ಅವಳ ಸಪ್ಪೆ ಮುಖ ನೋಡಿ ನಕ್ಕರು.

"ಎದ್ದ ತಕ್ಷಣ ಕೆಲಸ ಮಾಡೋನು ಯಂತ್ರದ ಕಾವಲುಗಾರ ಕಣೇ. ಬೀಗದಕೈ ಎಲ್ಲಾ ಅವನ ಹತ್ರಾನೇ ಇದೆ, ಆದ್ರೆ ಅವನಿಗೆ ಅಂತ ಒಂದು ಪರದೆ ಇಲ್ಲ. ಹಲಗೆ ತೆರಿ ಅಂದ್ರೆ ಪಾಪ, ಎಲ್ಲಿ ತೆರೀತಾನೆ? ಮನೆ ಯಜಮಾನನ ಹೆಸರು ಹೇಳು. ಇಂಥವರ ಹೆಸರಲ್ಲಿ, ಅವರ ಪರದೆ ಮೇಲೆ ತೆರಿ ಅನ್ನು."

ಹನಾದಿಗೆ ಅಲ್ಲೇ ಕುಣಿಯುವಂತಾಯಿತು. ಇಷ್ಟೇ ತಾನೇ? ಗುರುವಾರ ಸಂಜೆ ಮೆಟ್ಟಿಲುಗಳನ್ನು ಹಾರುತ್ತ ಹತ್ತಿ ಮನೆಗೆ ಬಂದವಳೇ ಯಜಮಾನನ ಹೆಸರನ್ನು ಸೇರಿಸಿದಳು: ಅಬೂ ಹನಾದಿ. ಮಲಗಿಸಿದಳು. ಅಪ್ಪ ಒತ್ತಿದ. ಯಂತ್ರ ಎದ್ದು ಖಾಲಿ ಪರದೆ ತೋರಿಸಿತು. ಮತ್ತೆ ಮಾಡಿದರೂ ಅದೇ. ಇನ್ನೊಮ್ಮೆ ಮಾಡಿದರೂ ಅದೇ.

ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದು ಗಂಡಸರು ಮನೆಗೆ ಬರುವ ಹೊತ್ತಿಗೂ ಅವಳು ಪರದೆಯ ಮುಂದೆಯೇ ಇದ್ದಳು. ಹಜಾರದಲ್ಲಿ ಕುರ್ಚಿ ಜೋಡಿಸುವ ಸದ್ದು, ಅಡಿಗೆಮನೆಯಿಂದ ಏಲಕ್ಕಿಯ ಘಮ. ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದಳು. ತಪ್ಪೇ ಕಾಣಲಿಲ್ಲ. ತಪ್ಪಿಲ್ಲದಿದ್ದರೂ ಆಗುತ್ತಿಲ್ಲ ಎಂದರೆ ತಪ್ಪು ತನ್ನ ತಲೆಯಲ್ಲೇ ಇರಬೇಕು. ಬಟ್ಟೆಗೆ ಅಂಚು ಹೊಲಿಯುವವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದುಕೊಂಡಳು. ಅಪ್ಪ ಅವಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಲಿಲ್ಲ.

ಅಮ್ಮ ಪಕ್ಕದಲ್ಲಿ ನಿಂತು ಅಪ್ಪನಿಗೆ ಹೊಸ ಮೇಲಂಗಿ ತೊಡಿಸುತ್ತಿದ್ದಳು. ಸೆಟೆದ ಎಡಗೈ ತೋಳಿನೊಳಗೆ ಹೋಗಲೊಲ್ಲದು. ಹೊರಗೆ ನವ್ವಾಫ್ ಬೇಗ ಬೇಗ ಎಂದು ಕೂಗುತ್ತಿದ್ದ. ಅಮ್ಮನ ತಾಳ್ಮೆ ಹರಿಯಿತು.

"ಮಿಫ್ಲಿಹ್, ಕೈ ಸಡಿಲ ಬಿಡು. ಇವತ್ತು ಮದುವಣಿಗ ನೀನಲ್ಲ."

ಹನಾದಿಯ ಬೆರಳು ಹಾಗೇ ನಿಂತಿತು. ಮಿಫ್ಲಿಹ್. ಅಪ್ಪನ ಹೆಸರು. ಅದೇನು ಅವಳಿಗೆ ಗೊತ್ತಿಲ್ಲದ್ದಲ್ಲ. ಗುರುತಿನ ಚೀಟಿಯಲ್ಲಿದೆ, ತನ್ನ ಹೆಸರಿನ ಬೆನ್ನಿಗೇ ಅಂಟಿಕೊಂಡಿದೆ. ಆದರೆ ಆ ಹೆಸರಿನಿಂದ ಅಪ್ಪನನ್ನು ಕರೆಯುವವರು ಯಾರಿದ್ದರು? ಅಮ್ಮನೊಬ್ಬಳು, ಅದೂ ಸಿಟ್ಟು ಬಂದಾಗ. ಯಜಮಾನ ಯಾರೆಂದು ಕೇಳಿದರೆ ಸಲ್ತ್‌ನಲ್ಲಿ ಯಾರೇ ಆದರೂ ಅಬೂ ಹನಾದಿ ಎನ್ನುತ್ತಾರೆ. ಯಂತ್ರವನ್ನು ಸಜ್ಜುಗೊಳಿಸಿದವರು ಮಾತ್ರ ಸಲ್ತ್‌ನವರಲ್ಲ, ಅಮ್ಮಾನಿನ ಕೇಂದ್ರದವರು. ಅವರು ಗುರುತಿನ ಚೀಟಿ ನೋಡಿ ಹೆಸರು ಹಾಕಿರುತ್ತಾರೆ. ಯಂತ್ರಕ್ಕೆ ಅಬೂ ಹನಾದಿ ಎಂಬವನ ಪರಿಚಯವೇ ಇಲ್ಲ.

ಹಳೆಯ ಹೆಸರು ಅಳಿಸಿ ಮಿಫ್ಲಿಹ್ ಎಂದು ಬರೆದಳು. ಮಲಗಿಸಿದಳು.

"ಒತ್ತು, ಯಾಬಾ."

ಅಪ್ಪ ಒತ್ತಿದ. ಪರದೆ ಬೆಳಗಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಹಲಗೆ ಕದ ತೆರೆದ ಹಾಗೆ ಅಗಲವಾಗಿ ತೆರೆದುಕೊಂಡು, ವಾರ್ತೆಯ ದನಿಯಲ್ಲಿ ಗಟ್ಟಿಯಾಗಿ "ಅಸ್ಸಲಾಮು ಅಲೈಕುಂ" ಎಂದಿತು. ಕಾಫಿ ನೋಡಿಕೊಳ್ಳಲು ಆಗಷ್ಟೇ ಅಡಿಗೆಮನೆಗೆ ಹೋಗಿದ್ದ ಅಮ್ಮ, ದಿಬ್ಬಣವೇ ಒಳಗೆ ಬಂತೆಂದು "ವ ಅಲೈಕುಮುಸ್ಸಲಾಂ" ಎನ್ನುತ್ತ ತಲೆವಸ್ತ್ರಕ್ಕೆ ಕೈಹಾಕಿದಳು. ದುಹಾ ನಗುತ್ತ ಗೋಡೆಗೆ ಒರಗಿದಳು. ಅಪ್ಪನ ಬಾಯಿಯ ಒಂದು ಮೂಲೆ ಮೇಲೆದ್ದಿತು. ಹೆಬ್ಬೆರಳು ಬೆಳಕಿಗಾಗಿ ಕಾದು, ಒತ್ತಿತು: "ಯಾಬಾ." ಇಲ್ಲಿ ಮಕ್ಕಳು ಅಪ್ಪನನ್ನು ಯಾಬಾ ಎನ್ನುತ್ತಾರೆ, ಅಪ್ಪನೂ ಅಕ್ಕರೆ ಬಂದಾಗ ಮಕ್ಕಳನ್ನು ಅದೇ ಹೆಸರಿನಿಂದ ಕರೆಯುತ್ತಾನೆ. ಬಸ್ಸಿನ ದಿನಗಳಲ್ಲಿ ಸಂಜೆ ಬಾಗಿಲಲ್ಲಿ ಕೇಳುತ್ತಿದ್ದ ಕರೆ ಅದು.

ಇನ್ನೊಂದು ಸಲ ನೋಡೋಣ ಎನ್ನುವಷ್ಟರಲ್ಲಿ ನವ್ವಾಫ್ ಬಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋದ. ಹೋಗುವ ಮೊದಲೇ ಅಪ್ಪ 'ಮಲಗು' ಒತ್ತಿದ್ದ. ಹಜಾರದ ಬಾಗಿಲು ಮುಚ್ಚಿತು. ಆಗ ಹನಾದಿಗೆ ನೆನಪಾಯಿತು. ಸಲಾಮನ್ನು ತೆಗೆದಿರಲಿಲ್ಲ. ಮಾತಿನ ನಡುವೆ, ಅಷ್ಟು ಜನ ಹಿರಿಯರ ಮುಂದೆ, ಯಂತ್ರ ಆಗತಾನೇ ಒಳಗೆ ಬಂದವರ ಹಾಗೆ ಸಲಾಂ ಹೇಳಲಿದೆ. ಅಪ್ಪ ನಗೆಪಾಟಲಾಗುತ್ತಾನೆ, ಅದೂ ತನ್ನಿಂದ.

ಹೆಂಗಸರು ಒಳಕೋಣೆಯಲ್ಲಿ ಗೋಡೆಗೆ ಕಿವಿಹಚ್ಚಿ ನಿಂತರು. ದಿಬ್ಬಣದ ಮುಖ್ಯಸ್ಥ ಸೈನ್ಯದಿಂದ ನಿವೃತ್ತರಾದವರು, ಎಲ್ಲರೂ ಪಾಷಾ ಎನ್ನುತ್ತಿದ್ದರು. ಅವರ ಮಾತು ದೇವರ ಸ್ತುತಿಯಿಂದ ಹೊರಟು, ಎರಡೂ ಮನೆತನಗಳ ಅಜ್ಜಂದಿರನ್ನು ಒಬ್ಬೊಬ್ಬರಾಗಿ ಮಾತಾಡಿಸಿ, ಇರ್ಬಿದ್‌ನ ಆಲಿವ್ ತೋಟಗಳನ್ನು ಸುತ್ತಿ ಬಂದಿತು. "ಅಪ್ಪನ ಬಸ್ಸಿಗಿಂತ ನಿಧಾನ ಕಣೇ," ಎಂದು ದುಹಾ ಅಕ್ಕನ ಕಿವಿಯಲ್ಲಿ ಉಸುರಿದಳು. ಹನಾದಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಯಂತ್ರ ಸ್ವಲ್ಪ ಹೊತ್ತು ಮಲಗಿದ್ದರೆ ಒಂದು ಮಾತು. ಇಷ್ಟು ಹೊತ್ತು ಮಲಗಿದ್ದು ಎದ್ದೀತೇ?

ಕೊನೆಗೆ ಪಾಷಾ ಗುರಿಗೆ ಬಂದರು. ನಿಮ್ಮ ಮಗಳು ದುಹಾಳನ್ನು ನಮ್ಮ ಹುಡುಗನಿಗೆ ಕೇಳುತ್ತಿದ್ದೇವೆ, ನಿಮ್ಮ ಬಾಯಿಂದ ಮಾತು ಬರುವ ತನಕ ಈ ಕಾಫಿ ಹೀಗೇ ಇರುತ್ತದೆ ಎಂದರು. ಬಟ್ಟಲನ್ನು ಮೇಜಿನ ಮೇಲಿಟ್ಟ ಸಣ್ಣ ಸದ್ದು ಗೋಡೆಯ ಈಚೆಗೂ ಕೇಳಿಸಿತು.

ಯಾರೋ ಕೆಮ್ಮಿದರು. ಹನಾದಿ ಗೋಡೆಗೆ ಕಿವಿಯನ್ನು ಇನ್ನಷ್ಟು ಒತ್ತಿದಳು. ಏನೂ ಇಲ್ಲ. ಕುರ್ಚಿ ಸರಿದು ನವ್ವಾಫ್ ಗಂಟಲು ಸರಿಮಾಡಿಕೊಂಡ.

"ಪಾಷಾ, ನೀವು ಬಂದದ್ದು ನಮ್ಮ ಭಾಗ್ಯ. ಅಣ್ಣನ ಆರೋಗ್ಯ ನಿಮಗೆ ಗೊತ್ತೇ ಇದೆ. ಅದಕ್ಕೆ ಅವನ ಪರವಾಗಿ ನಾನು..."

"ಅಸ್ಸಲಾಮು ಅಲೈಕುಂ."

ಸಲಾಮಿಗೆ ಉತ್ತರ ಕೊಡದೆ ಇರುವವನುಂಟೇ? ಹಜಾರದ ಅಷ್ಟೂ ಗಂಡಸರು ಒಂದೇ ದನಿಯಾಗಿ, ಗೋಡೆ ಗುಂಯ್‌ಗುಡುವಂತೆ, "ವ ಅಲೈಕುಮುಸ್ಸಲಾಂ" ಎಂದರು. ಆ ದನಿಯಲ್ಲಿ ನವ್ವಾಫನ ದನಿಯೂ ಇತ್ತು. ಅವನ ಮಾತು ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು. ಸಲಾಂ ಹೇಳಿದವನು ಮುಂದೆ ಏನು ಹೇಳುತ್ತಾನೋ ಎಂದು ಎಲ್ಲರೂ ಕಾಯಬೇಕಾಯಿತು.

ಟಿಕ್. ಟಿಕ್. ಟಿಕ್.

ಆ ಸದ್ದನ್ನು ಹನಾದಿ ದಿನವೂ ಕೇಳಿದವಳು. ಬೆಳಕು ಈಗ ಯಾವ ಮನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ನೀರು, ನೋವು, ಕಿಟಕಿ, ಯಾಬಾ. ಮೊದಲ ಸಾಲು ದಾಟಿತು. ಎರಡನೆಯದು ದಾಟಿತು. ಶುಕ್ರವಾರಕ್ಕೆಂದೇ ಅವಳು ಸೇರಿಸಿದ್ದ ಮನೆ ಹತ್ತಿರ ಬಂತು. ಬಂದೇಬಿಟ್ಟಿತು. ಟಿಕ್ ನಿಂತಿತು.

"ನಿಮ್ಮ ಕಾಫಿ ಕುಡಿಯಿರಿ," ಎಂದಿತು ವಾರ್ತೆಯ ದನಿ. ಅದಕ್ಕಿಂತ ದೊಡ್ಡ ವಾರ್ತೆಯನ್ನು ಅದು ಎಂದೂ ಓದಿರಲಿಲ್ಲ.

ಪಾಷಾ ಬಟ್ಟಲನ್ನೆತ್ತಿದರಂತೆ. ಆಮೇಲಿನದು ಹನಾದಿಗೆ ಕೇಳಿಸಲೇ ಇಲ್ಲ, ಏಕೆಂದರೆ ಅಮ್ಮ ಸಂತೋಷದ ಉಲಿ ಹಾಕಿಬಿಟ್ಟಿದ್ದಳು, ನಾಲಿಗೆಯನ್ನು ಗಂಟೆಯ ನಾಲಿಗೆಯ ಹಾಗೆ ಆಡಿಸುತ್ತ, ಮೆಟ್ಟಿಲೋಣಿಯ ಕೆಳತುದಿಗೂ ಕೇಳುವಂತೆ. ದುಹಾ ಅಕ್ಕನ ಹೆಗಲಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳೋ ಅಳುತ್ತಿದ್ದಳೋ, ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲು ತೆರೆದಾಗ ಅಪ್ಪನ ಸುತ್ತ ಜನ ಮುತ್ತಿಕೊಂಡು ಅವನ ಹೆಗಲಿಗೆ ಮುತ್ತಿಡುತ್ತಿದ್ದರು. ನವ್ವಾಫ್ ಕುನಾಫಾ ಸಿಹಿತಿಂಡಿಯ ತಟ್ಟೆ ಹಿಡಿದು ಎಲ್ಲರಿಗೂ ತಾನೇ ಹಂಚುತ್ತಿದ್ದ. ಯಾರೋ ಮೀಸೆಯ ಮಾತು ತೆಗೆದರು. "ಮದುವೆ ದಿನ ಬೋಳಿಸ್ತೀನಿ, ಈಗ ತಿನ್ನಿ," ಎಂದ.

ಇಷ್ಟು ನನಗೆ ಗೊತ್ತು. ಗೊತ್ತಿಲ್ಲದ್ದನ್ನೂ ಹೇಳಿಬಿಡಬೇಕು. ಅಪ್ಪನ ಹೆಬ್ಬೆರಳು ತಮ್ಮನ ಮಾತು ಶುರುವಾಗುವ ತನಕ ಬೇಕೆಂದೇ ಕಾದಿತ್ತೋ, ಅಥವಾ ಅಷ್ಟು ಹೊತ್ತೂ ಒತ್ತಲು ಹೆಣಗಿ ಆಗ ಗೆದ್ದಿತೋ, ಹನಾದಿಗೆ ತಿಳಿಯದು. ಕೇಳಿದ್ದಳು. ಅವನು 'ಕಿಟಕಿ' ಒತ್ತಿದ; ಅವಳು ಕಿಟಕಿ ತೆರೆದಳು. ನವ್ವಾಫ್ ಆ ದಿನ ಆ ಮಾತನ್ನು ಹೇಗೆ ಮುಗಿಸಲಿದ್ದ ಎಂಬುದನ್ನು ಅವನೂ ಹೇಳಿಲ್ಲ, ಅವನನ್ನು ಯಾರೂ ಕೇಳಿಲ್ಲ. ನನಗೂ ಗೊತ್ತಿಲ್ಲ.